ರಾತ್ರಿ ಬಲೂನು ಏರಿದ್ದು: ನನ್ನ ಅನುಭವ

ಕೈಯಾರೆ ಹೊಲಿದ ಬಿಸಿಗಾಳಿ ಬಲೂನನ್ನು ನಾನು ರಾತ್ರಿ ಏರಿಸಿದ್ದು ಯಾರ ಕಣ್ಣಿಗೂ ಬೀಳಬಾರದು ಎಂಬ ಒಂದೇ ಕಾರಣಕ್ಕಲ್ಲ. ನನ್ನದು ಹಗ್ಗ ಬಿಗಿದ ಬಲೂನು. ಹಗ್ಗವಿಲ್ಲದ ಬಲೂನು ಗಾಳಿಯ ಜೊತೆಗೇ ಸಾಗುವುದರಿಂದ ಅದರಲ್ಲಿ ನಿಂತವರಿಗೆ ಗಾಳಿ ಬೀಸುವುದೇ ತಿಳಿಯದು. ಕಟ್ಟಿದ ಬಲೂನು ಬೀಸುವ ಗಾಳಿಯನ್ನೆಲ್ಲ ಮೈಯೊಡ್ಡಿ ತಡೆಯಬೇಕು. ಹಗಲಲ್ಲಿ ನೆಲ ಕಾದು ಗಾಳಿ ಮೇಲೇಳುತ್ತಿರುತ್ತದೆ. ನೆಲ ಪೂರ್ತಿ ತಣಿದ ಬೆಳಗಿನ ಜಾವಕ್ಕೆ ಸಾಮಾನ್ಯವಾಗಿ ಅದು ತೆಪ್ಪಗಾಗುತ್ತದೆ. ನನಗೆ ಬೇಕಿದ್ದುದು ಆ ಹೊತ್ತು.

ಹೊರಗೆ 15 ಡಿಗ್ರಿ, ಒಳಗೆ 90 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಂದು ಘನ ಮೀಟರ್ ಬಿಸಿಗಾಳಿ ಎತ್ತುವುದು ಸುಮಾರು ಕಾಲು ಕಿಲೋ ಮಾತ್ರ. ನಾನು, ಬಟ್ಟೆ, ಬರ್ನರ್, ಸಿಲಿಂಡರ್, ಹಗ್ಗ ಎಲ್ಲ ಸೇರಿ 180 ಕಿಲೋ. 12 ಮೀಟರ್ ವ್ಯಾಸದ ಗೋಳ ಮಾಡಿದರೆ 900 ಘನ ಮೀಟರ್, ಅಂದರೆ 225 ಕಿಲೋ ಎತ್ತುವ ಬಲ. ಉಳಿದ 45 ಕಿಲೋವನ್ನು ನಾನು ಇಬ್ಬನಿಗಾಗಿ ಮೀಸಲಿಟ್ಟಿದ್ದೆ. ಬಟ್ಟೆಯ ಹರವು 450 ಚದರ ಮೀಟರ್. ಚದರ ಮೀಟರಿಗೆ 50 ಗ್ರಾಂ ನೀರು ಕುಡಿದರೂ 22 ಕಿಲೋ ಹೊರೆ. 1979ರಲ್ಲಿ ಪೂರ್ವ ಜರ್ಮನಿಯಿಂದ ತಪ್ಪಿಸಿಕೊಳ್ಳಲು ಹೊರಟ ಕುಟುಂಬವೊಂದರ ಮೊದಲ ಪ್ರಯತ್ನ ಮೋಡದ ತೇವಕ್ಕೇ ಸೋತು, ಬಲೂನು ಗಡಿಗಿಂತ ಸ್ವಲ್ಪ ಮೊದಲೇ ಇಳಿದಿತ್ತು. ಅದೇ ವರ್ಷ ಸೆಪ್ಟೆಂಬರ್ 16ರ ನಸುಕಿನಲ್ಲಿ ಎರಡು ಕುಟುಂಬಗಳ ಎಂಟು ಜನ ತಾವೇ ಹೊಲಿದ ಇನ್ನೊಂದು ಬಲೂನಿನಲ್ಲಿ ಗಡಿ ದಾಟಿದರು. ಹೊಲಿಗೆ ಯಂತ್ರದ ಮುಂದೆ ಕೂತಾಗಲೆಲ್ಲ ಅವರ ನೆನಪು ನನಗೆ ಬಲ ಕೊಡುತ್ತಿತ್ತು.

ಹೆಚ್ಚು ಹೊತ್ತು ಹಿಡಿದದ್ದು ಹೊಲಿಗೆಯೇ. ಒಂದೂವರೆ ಮೀಟರ್ ಅಗಲದ ನೈಲಾನ್ ಬಟ್ಟೆಯಲ್ಲಿ 28 ಸೀಳುಗಳನ್ನು ಕತ್ತರಿಸಿದೆ. ನಡುವೆ ಅಗಲ, ಎರಡು ತುದಿಗೆ ಚೂಪು. ಎರಡು ಅಂಚುಗಳನ್ನು ಒಂದರೊಳಗೊಂದು ಮಡಿಚಿ ಜೋಡಿ ಹೊಲಿಗೆ ಹಾಕಬೇಕು. ಬಟ್ಟೆಯ ಕಚ್ಚಾ ಅಂಚು ಎಲ್ಲಿಯೂ ಹೊರಗೆ ಕಾಣಕೂಡದು. ಅದರ ಮೇಲೆ ನೆತ್ತಿಯಿಂದ ಬಾಯಿಯವರೆಗೆ ಗಟ್ಟಿ ಪಟ್ಟಿ ಓಡಿಸಿದರೆ ಭಾರ ಹೊರುವುದು ಪಟ್ಟಿಯೇ ಹೊರತು ಬಟ್ಟೆಯಲ್ಲ. ಜ್ವಾಲೆಗೆ ಹತ್ತಿರದ ಬಾಯಿಗೆ ಮಾತ್ರ ಬೆಂಕಿ ತಡೆಯುವ ನೋಮೆಕ್ಸ್ ಬಟ್ಟೆ. ಇಲ್ಲಿ ಹಣ ಉಳಿಸಲು ಯಾರೂ ನೋಡಬಾರದು. ನೆತ್ತಿಯ ಕಿಂಡಿಗೆ ದುಂಡನೆಯ ಮುಚ್ಚಳ. ಒಳಗಿನ ಬಿಸಿಗಾಳಿಯೇ ಅದನ್ನು ಒತ್ತಿ ಹಿಡಿಯುತ್ತದೆ, ಹುರಿ ಜಗ್ಗಿದರೆ ತೆರೆಯುತ್ತದೆ, ಬಿಟ್ಟರೆ ಮುಚ್ಚಿಕೊಳ್ಳುತ್ತದೆ. ಬುಟ್ಟಿ ಮಾಡಲಿಲ್ಲ. ಪಟ್ಟಿಗಳಿಂದ ಬಿಗಿದ ಒಂದು ಆಸನ, ಅದರ ಬೆನ್ನಿಗೆ ಪ್ರೊಪೇನ್ ಸಿಲಿಂಡರ್. ಬರ್ನರನ್ನು ಮಾತ್ರ ಸಿದ್ಧವಾದದ್ದನ್ನೇ ಕೊಂಡೆ.

ಆ ರಾತ್ರಿ ಜೊತೆಗಿದ್ದವರು ಹಗ್ಗ ನೋಡಿಕೊಳ್ಳುವ ಗೆಳೆಯರು ಮಾತ್ರ. ಮೂರು ದಿಕ್ಕಿಗೆ ಮೂರು ಹಗ್ಗ ಬಿಗಿದು, ಫ್ಯಾನಿನಿಂದ ತಣ್ಣನೆಯ ಗಾಳಿ ತುಂಬಿಸಿ, ಜ್ವಾಲೆ ಹಾಯಿಸಿದೆ. ಅಷ್ಟೇ, ಗುಟ್ಟು ರಟ್ಟಾಯಿತು. ಬರ್ನರ್ ಭೋರ್ಗರೆಯಿತು, ಕಡುನೀಲಿ ಬಟ್ಟೆ ಆಕಾಶದಗಲ ಹೊತ್ತಿಸಿದ ದೀಪದಂತೆ ಬೆಳಗಿತು, ದೂರದಲ್ಲಿ ನಾಯಿಗಳು ಬೊಗಳತೊಡಗಿದವು. ಬಟ್ಟೆ ಎಷ್ಟೇ ಕಪ್ಪಾಗಿರಲಿ, ಉರಿಯುವ ಬಲೂನನ್ನು ಬಚ್ಚಿಡಲಾಗದು. ಬಚ್ಚಿಡಬಹುದಾದದ್ದು ಅಲ್ಲಿಯವರೆಗಿನ ಕೆಲಸವನ್ನಷ್ಟೇ.

ಕತ್ತಲಲ್ಲಿ ಎತ್ತರ ಅಳೆಯಲು ಕಣ್ಣಿಗೆ ಆಧಾರವೇ ಇರುವುದಿಲ್ಲ. ಹಗ್ಗಕ್ಕೆ ಐದೈದು ಮೀಟರಿಗೆ ಹೊಳೆಯುವ ಪಟ್ಟಿ ಸುತ್ತಿದ್ದೆ, ತಲೆದೀಪದ ಬೆಳಕಿಗೆ ಅವು ಮಿಂಚುತ್ತಿದ್ದವು. ಜ್ವಾಲೆ ಕೊಟ್ಟ ಕೂಡಲೇ ಬಲೂನು ಏರುವುದಿಲ್ಲ, ಕೆಲವು ಸೆಕೆಂಡ್ ತಡೆದು ಏರುತ್ತದೆ. ಆ ತಡೆಗೆ ಅವಸರಪಟ್ಟು ಮತ್ತೊಮ್ಮೆ ಉರಿಸಿದರೆ ಹಗ್ಗ ಜಗ್ಗಿ ನಿಲ್ಲುತ್ತದೆ. ಚಿಕ್ಕ ಚಿಕ್ಕ ಉರಿ ಕೊಡುತ್ತ 20 ಮೀಟರಿಗೆ ಏರಿದೆ. ಎರಡು ಉರಿಗಳ ನಡುವೆ ಗೆಳೆಯರು ಪಿಸುಗುಟ್ಟಿದ್ದೂ ಕೇಳಿಸುತ್ತಿತ್ತು. ಅಂಥ ಸಂತೋಷವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆದರೂ ಹಗ್ಗ ಬಿಚ್ಚಿ ಹಾರಿರೆಂದು ಯಾರಿಗೂ ಹೇಳಲಾರೆ. ಪರವಾನಗಿಯ ಮಾತು ಒಂದು ಕಡೆಯಾದರೆ, ಇರುಳಿನಲ್ಲಿ ವಿದ್ಯುತ್ ತಂತಿ ಕಾಣುವುದೇ ಇಲ್ಲ. ಬಲೂನಿಗೆ ಅದಕ್ಕಿಂತ ದೊಡ್ಡ ಶತ್ರುವಿಲ್ಲ.

ಒದ್ದೆ ಬಟ್ಟೆಯನ್ನು ಮಡಿಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಬಿಸಿಲೇರಿದ ಮೇಲೆ ಬಯಲಿನಲ್ಲೇ ಹರಡಿ ಒಣಗಿಸಿದೆವು. ರಾತ್ರಿ ಬೆಳಕು ಕಂಡವರೆಲ್ಲ ಬಂದು ಹೊಲಿಗೆಯನ್ನು ಮುಟ್ಟಿ ಮುಟ್ಟಿ ನೋಡಿದರು. ಮುಂದಿನ ಸಲ ಹಗ್ಗ ಹಿಡಿಯಲು ಅವರಲ್ಲಿ ಇಬ್ಬರನ್ನು ಕೇಳಿಕೊಂಡಿದ್ದೇನೆ.