ಒಂದೇ ಟಾಮ್‌ಕ್ಯಾಟ್, ಮೂರು ಪ್ರೊಫೈಲ್: ಲೈವ್, ಟೆಸ್ಟ್, ತರಬೇತಿ ಬೇರೆ ಮಾಡಿದ ನನ್ನ ಅನುಭವ

ಬೆಳಿಗ್ಗೆ ಹತ್ತೂವರೆಗೆ ಒಂದು ಕಾಲೇಜಿನ ಅಕೌಂಟ್ಸ್ ಮೇಡಂ ಫೋನ್ ಮಾಡಿದರು. ‘ಸರ್, ನಿನ್ನೆ ಫೀ ತುಂಬಿದವರಿಗೂ ಬಾಕಿ ಐತಿ ಅಂತ ಮೆಸೇಜ್ ಹೋಗೇತಂತ್ರಿ. ಪಾಲಕರು ಒಂದೇ ಸಮ ಫೋನ್ ಮಾಡಾಕತ್ತಾರ.’

ಕಾಲೇಜುಗಳು ನಿಜವಾಗಿ ಬಳಸುವ ಲೈವ್ ಸರ್ವರ್‌ನ ಲಾಗ್ ನೋಡಿದೆ. ಅಲ್ಲಿಂದ ಒಂದೂ ಮೆಸೇಜ್ ಹೋಗಿರಲಿಲ್ಲ. ಹೋಗಿದ್ದು ನಾವು ಪರೀಕ್ಷೆಗೆಂದು ಇಟ್ಟ ಟೆಸ್ಟ್ ಸರ್ವರ್‌ನಿಂದ. ಹಿಂದಿನ ವಾರ ಒಂದು ತಪ್ಪು ಹುಡುಕಲು ಲೈವ್ ಡೇಟಾಬೇಸನ್ನು ಟೆಸ್ಟ್‌ಗೆ ಕಾಪಿ ಮಾಡಿದ್ದೆ. ಜೊತೆಗೆ ಸೆಟ್ಟಿಂಗುಗಳಿರುವ ಕಾನ್ಫಿಗ್ ಫೋಲ್ಡರನ್ನೂ ಎತ್ತಿ ಹಾಕಿದ್ದೆ. ಮೆಸೇಜ್ ಕಳಿಸಲು ಎಸ್‌ಎಂಎಸ್ ಕಂಪನಿ ಕೊಟ್ಟ ಗುಟ್ಟಿನ ಕೀ ಅದರೊಳಗೇ ಇತ್ತು. ಬೆಳಿಗ್ಗೆ ಹತ್ತಕ್ಕೆ ಬಾಕಿ ನೆನಪಿಸುವ ಕೆಲಸ ತಾನಾಗಿ ಓಡಿತು. ಒಂದು ವಾರ ಹಳೆಯ ಲೆಕ್ಕ ಇಟ್ಟುಕೊಂಡು ನಿಜವಾದ ಪಾಲಕರಿಗೆ ಮೆಸೇಜ್ ಕಳಿಸಿತು.

ಮೇಡಂಗೆ ಎಲ್ಲ ವಿವರಿಸಿ ಕ್ಷಮೆ ಕೇಳಿದೆ. ಆ ದಿನವೇ ಕೂತು ಯೋಚಿಸಿದೆ. ‘ಇನ್ನು ಮುಂದೆ ಹುಷಾರಾಗಿರುತ್ತೇನೆ’ ಅಂದುಕೊಂಡರೆ ಸಾಕಾಗುವುದಿಲ್ಲ. ಮರೆತರೂ ತಪ್ಪಾಗದ ಹಾಗೆ ಸರ್ವರ್‌ಗಳನ್ನು ಜೋಡಿಸಬೇಕು.

ನಮ್ಮದು ಹುಬ್ಬಳ್ಳಿಯ ಚಿಕ್ಕ ಆಫೀಸು. ಶಾಲೆ ಕಾಲೇಜುಗಳ ಫೀ ಲೆಕ್ಕದ ಸಾಫ್ಟ್‌ವೇರ್ ಮಾಡುತ್ತೇವೆ. ಅದನ್ನು ಓಡಿಸುವುದು ಟಾಮ್‌ಕ್ಯಾಟ್, ಜಾವಾ ಆ್ಯಪ್‌ಗಳ ವೆಬ್ ಸರ್ವರ್. ಒಂದೇ ಲಿನಕ್ಸ್ ಮೆಷಿನ್‌ನಲ್ಲಿ ಮೂರು ಟಾಮ್‌ಕ್ಯಾಟ್ ಓಡುತ್ತಿದ್ದವು. ಒಂದು ಲೈವ್, ಒಂದು ಟೆಸ್ಟ್, ಇನ್ನೊಂದು ಹೊಸ ಗುಮಾಸ್ತರಿಗೆ ಕಲಿಸಲು ತರಬೇತಿ ಸರ್ವರ್. ಮೂರೂ ಪೂರ್ತಿ ಕಾಪಿಗಳು. ಬೇಕೆನಿಸಿದಾಗಲೆಲ್ಲ ಒಂದು ಫೋಲ್ಡರನ್ನು ಕಾಪಿ ಮಾಡಿ, ಪೋರ್ಟ್ (ಸರ್ವರ್‌ನ ಬಾಗಿಲ ಸಂಖ್ಯೆ) ಬದಲಿಸಿ ಓಡಿಸಿದ್ದೆವು. ವರ್ಷಗಳು ಕಳೆದಂತೆ ಮೂರೂ ಬೇರೆ ಬೇರೆ ದಾರಿ ಹಿಡಿದಿದ್ದವು. ಲೈವ್ ಮತ್ತು ಟೆಸ್ಟ್ ಟಾಮ್‌ಕ್ಯಾಟ್‌ನ 8.5ನೇ ವರ್ಷನ್‌ನಲ್ಲಿದ್ದವು, ಅದೂ ಬೇರೆ ಬೇರೆ ಬಿಡುಗಡೆಗಳು. ತರಬೇತಿ ಇನ್ನೂ 7ರಲ್ಲೇ ಇತ್ತು.

ಇದರ ಬೆಲೆ ಕೆಲವೇ ತಿಂಗಳಲ್ಲಿ ಮತ್ತೆ ಗೊತ್ತಾಯಿತು. 2020ರ ಫೆಬ್ರುವರಿಯಲ್ಲಿ ಘೋಸ್ಟ್‌ಕ್ಯಾಟ್ ಅನ್ನುವ ದೋಷ ಬಯಲಾಯಿತು. ಟಾಮ್‌ಕ್ಯಾಟ್‌ನಲ್ಲಿ ಎಜೆಪಿ ಎಂಬ ಕನೆಕ್ಟರ್ (ಬೇರೆ ವೆಬ್ ಸರ್ವರ್ ಜೊತೆ ಮಾತಾಡುವ ದಾರಿ) 8009ನೇ ಪೋರ್ಟಿನಲ್ಲಿ ತಾನಾಗಿ ತೆರೆದಿರುತ್ತಿತ್ತು. ಅದರ ಮೂಲಕ ಹೊರಗಿನವರು ಆ್ಯಪ್‌ನೊಳಗಿನ ಫೈಲುಗಳನ್ನು ಓದಬಹುದಿತ್ತು. 7.0.100, 8.5.51 ಮತ್ತು 9.0.31ರಲ್ಲಿ ಇದನ್ನು ಸರಿಪಡಿಸಿದರು. ನಮಗೆ ಮೂರು ಕಡೆ ಅಪ್‌ಗ್ರೇಡ್ ಮಾಡಬೇಕಿತ್ತು. ಮೂರೂ ಕಡೆ ಕೈಯಿಂದ ತಿದ್ದಿದ ಫೈಲುಗಳು. ಯಾವುದು ಟಾಮ್‌ಕ್ಯಾಟ್‌ನ ಮೂಲ ಸಾಲು, ಯಾವುದು ನಾವು ಸೇರಿಸಿದ್ದು ಅಂತ ಬಿಡಿಸಲು ಇಡೀ ರಾತ್ರಿ ಹೋಯಿತು. ಹಾಗಾಗಿ ಆ ರಾತ್ರಿ ಬರೀ ಎಜೆಪಿ ಸಾಲನ್ನು ಮುಚ್ಚಿದೆ. ಅಪ್‌ಗ್ರೇಡನ್ನು ಹೊಸ ಜೋಡಣೆಯ ಜೊತೆಗೇ ಮಾಡುವುದೆಂದು ನಿರ್ಧರಿಸಿದೆ.

ಮೊದಲ ಕೆಲಸ ಮೂರೂ ಕಾನ್ಫಿಗ್ ಫೋಲ್ಡರುಗಳನ್ನು ಡಿಫ್ ಮಾಡಿ, ಅಂದರೆ ಸಾಲು ಸಾಲಾಗಿ ಹೋಲಿಸಿ ನೋಡುವುದು. ವ್ಯತ್ಯಾಸಗಳನ್ನೆಲ್ಲ ಕಾಗದದ ಮೇಲೆ ಪ್ರಿಂಟ್ ತೆಗೆದು ಸಹೋದ್ಯೋಗಿಯ ಜೊತೆ ಕೂತೆ. ಪ್ರತಿ ಸಾಲಿಗೂ ಒಂದೇ ಪ್ರಶ್ನೆ: ಇದು ಬೇರೆ ಇರಲೇಬೇಕಾ? ಬೇರೆ ಇರಲೇಬೇಕಾದವು ನಾವು ಅಂದುಕೊಂಡದ್ದಕ್ಕಿಂತ ತುಂಬಾ ಕಡಿಮೆ ಇದ್ದವು. ಪೋರ್ಟುಗಳು, ಡೇಟಾಬೇಸ್ ವಿಳಾಸ, ಪಾಸ್‌ವರ್ಡ್, ಮೆಮೊರಿ, ಲಾಗ್ ಮಟ್ಟ, ಎಸ್‌ಎಂಎಸ್ ಕಳಿಸಬೇಕೋ ಬೇಡವೋ ಅನ್ನುವುದು. ಅಷ್ಟೇ. ಉಳಿದದ್ದೆಲ್ಲ ಯಾರೋ ಯಾವಾಗಲೋ ಒಂದು ಕಡೆ ಬದಲಿಸಿ ಇನ್ನೊಂದು ಕಡೆ ಮರೆತದ್ದು.

ಆ ಮರೆತ ಸಾಲುಗಳಲ್ಲೇ ನಮ್ಮ ಹಳೆಯ ತಲೆನೋವುಗಳ ಉತ್ತರ ಇತ್ತು. ತರಬೇತಿ ಸರ್ವರ್‌ನಲ್ಲಿ ಕನ್ನಡದಲ್ಲಿ ಹೆಸರು ಹುಡುಕಿದರೆ ಏನೂ ಸಿಗುತ್ತಿರಲಿಲ್ಲ. ಲೈವ್‌ನಲ್ಲಿ ಸಿಗುತ್ತಿತ್ತು. ಆ್ಯಪ್‌ನದೇ ತಪ್ಪು ಅಂತ ತುಂಬಾ ದಿನ ಹುಡುಕಿದ್ದೆವು. ನಿಜವಾದ ಕಾರಣ ಬೇರೆ. ಟಾಮ್‌ಕ್ಯಾಟ್ 7 ವಿಳಾಸದ ಸಾಲಿನ ಅಕ್ಷರಗಳನ್ನು ಕನ್ನಡವೇ ಇಲ್ಲದ ಹಳೆಯ ಐಎಸ್‌ಒ 8859-1 ಪದ್ಧತಿ ಎಂದು ಓದುತ್ತದೆ. 8ರಿಂದ ಮುಂದೆ ಕನ್ನಡವೂ ಇರುವ ಯುಟಿಎಫ್-8 ಎಂದು ಓದುತ್ತದೆ. 7ರಲ್ಲಿ ಅದನ್ನು ಕನೆಕ್ಟರ್ ಸಾಲಿನಲ್ಲಿ ನಾವೇ ಹೇಳಬೇಕು. ತರಬೇತಿಯ ಫೈಲಿನಲ್ಲಿ ಯಾರೂ ಹೇಳಿರಲಿಲ್ಲ.

ಇನ್ನೊಂದು ಇದಕ್ಕಿಂತ ಕಷ್ಟದ್ದು. ತರಬೇತಿ ಸರ್ವರ್‌ನ ರಸೀದಿಗಳಲ್ಲಿ ಕನ್ನಡ ಅಕ್ಷರದ ಬದಲು ಬರೀ ಪ್ರಶ್ನೆ ಚಿಹ್ನೆಗಳು ಬರುತ್ತಿದ್ದವು, ಆದರೆ ಯಾವಾಗಲೂ ಅಲ್ಲ. ಮೆಷಿನ್ ರೀಸ್ಟಾರ್ಟ್ ಆದ ಮೇಲೆ ಮಾತ್ರ. ನಾನು ಲಾಗಿನ್ ಆಗಿ ಕೈಯಿಂದ ಶುರು ಮಾಡಿದರೆ ಸರಿ ಇರುತ್ತಿತ್ತು. ಲಿನಕ್ಸ್‌ನಲ್ಲಿ ಕೆಲಸಗಳನ್ನು ತಾನಾಗಿ ಓಡಿಸುವ ಕ್ರಾನ್ ಶುರು ಮಾಡಿದಾಗ ನನ್ನ ಲಾಗಿನ್‌ನಲ್ಲಿದ್ದ ಭಾಷೆಯ ಸೆಟ್ಟಿಂಗ್ ಅದಕ್ಕೆ ಸಿಗುತ್ತಿರಲಿಲ್ಲ. ಆಗ ಜಾವಾ ಯುಟಿಎಫ್-8 ಬಿಟ್ಟು, ಬರೀ ಇಂಗ್ಲಿಷ್ ಅಕ್ಷರಗಳಿರುವ ಆಸ್ಕಿ ಹಿಡಿಯುತ್ತಿತ್ತು. ಜಾವಾ 18ರಿಂದ ಯುಟಿಎಫ್-8 ತಾನಾಗಿಯೇ ಬರುತ್ತದೆ. ಅದಕ್ಕಿಂತ ಹಳೆಯದರಲ್ಲಿ ಬರುವುದಿಲ್ಲ. ಕನ್ನಡ ಬಳಸುವ ಯಾವ ಸರ್ವರ್ ಇದ್ದರೂ ಈ ಸೆಟ್ಟಿಂಗ್ ಪ್ರೊಫೈಲ್‌ಗೊಂದರಂತೆ (ಒಂದೊಂದು ಸರ್ವರ್‌ಗೆ ಬೇರೆ ಬೇರೆಯಾಗಿ) ಇರಬಾರದು. ಎಲ್ಲರಿಗೂ ಸೇರಿದ ಫೈಲಿನಲ್ಲಿ, ಮೊದಲ ಸಾಲಿನಲ್ಲೇ ಇರಬೇಕು. ನಾನು ಹಾಗೇ ಇಟ್ಟಿದ್ದೇನೆ.

ಇನ್ನು ಜೋಡಣೆ. ಟಾಮ್‌ಕ್ಯಾಟ್ ಇದಕ್ಕೆಂದೇ ಎರಡು ಹೆಸರು ಕೊಟ್ಟಿದೆ. ಕ್ಯಾಟಲಿನಾ ಹೋಮ್ ಅಂದರೆ ಸಾಫ್ಟ್‌ವೇರ್ ಇರುವ ಜಾಗ. ಕ್ಯಾಟಲಿನಾ ಬೇಸ್ ಅಂದರೆ ಒಂದೊಂದು ಸರ್ವರ್‌ನ ಸ್ವಂತ ಜಾಗ: ಕಾನ್ಫಿಗ್, ಲಾಗ್, ಆ್ಯಪ್, ತಾತ್ಕಾಲಿಕ ಫೈಲುಗಳು. ಏನೂ ಹೇಳದಿದ್ದರೆ ಎರಡೂ ಒಂದೇ ಜಾಗ ಆಗುತ್ತವೆ. ಅದಕ್ಕೇ ಬಹಳ ಜನರಿಗೆ ಇವು ಬೇರೆ ಅನ್ನುವುದು ಗೊತ್ತೇ ಆಗುವುದಿಲ್ಲ. ಡೌನ್‌ಲೋಡ್ ಜೊತೆ ಬರುವ ‘ರನ್ನಿಂಗ್’ ಎಂಬ ಪಠ್ಯ ಫೈಲಿನಲ್ಲಿ ಎಲ್ಲ ಸ್ಪಷ್ಟವಾಗಿ ಬರೆದಿದ್ದಾರೆ. ನಾನು ಅದನ್ನು ತೆರೆದು ಓದಿದ್ದು ಆಗಲೇ.

ಸಾಫ್ಟ್‌ವೇರನ್ನು ಆಪ್ಟ್ ಫೋಲ್ಡರಿನಲ್ಲಿ ಅದರ ವರ್ಷನ್ ಹೆಸರಿನಲ್ಲೇ ಬಿಚ್ಚಿಟ್ಟೆ. ಅದರೊಳಗೆ ಒಂದಕ್ಷರವನ್ನೂ ತಿದ್ದುವುದಿಲ್ಲ ಅಂತ ನಿಯಮ ಮಾಡಿಕೊಂಡೆವು. ಪಕ್ಕದಲ್ಲಿ ಬೇರೆ ಜಾಗದಲ್ಲಿ ಲೈವ್, ಟೆಸ್ಟ್, ತರಬೇತಿ ಎಂಬ ಮೂರು ಬೇಸ್ ಫೋಲ್ಡರುಗಳು. ಪೋರ್ಟುಗಳಿಗೆ ಒಂದು ಕ್ರಮ ಇಟ್ಟೆ: ಲೈವ್‌ಗೆ 8080, ಟೆಸ್ಟ್‌ಗೆ 8180, ತರಬೇತಿಗೆ 8280. ನಿಲ್ಲಿಸುವ ಪೋರ್ಟುಗಳು 8005, 8105, 8205. ನೂರರ ಸ್ಥಾನದ ಅಂಕಿ ನೋಡಿದರೆ ಸಾಕು, ಯಾವ ಸರ್ವರ್ ಅಂತ ಗೊತ್ತಾಗುತ್ತದೆ.

ಸರ್ವರ್ ಎಕ್ಸ್‌ಎಂಎಲ್ ಎಂಬ ಮುಖ್ಯ ಸೆಟ್ಟಿಂಗ್ ಫೈಲು ಮೂರಕ್ಕೂ ಒಂದೇ. ಅದರಲ್ಲಿ ಪೋರ್ಟ್ ಅಂಕಿಯ ಜಾಗದಲ್ಲಿ ಡಾಲರ್ ಚಿಹ್ನೆ ಮತ್ತು ಬ್ರ್ಯಾಕೆಟ್ ಹಾಕಿ ಒಂದು ಹೆಸರು ಬರೆದರೆ, ಶುರುವಾಗುವಾಗ ಟಾಮ್‌ಕ್ಯಾಟ್ ಆ ಹೆಸರಿನ ಬೆಲೆಯನ್ನು ತುಂಬಿಕೊಳ್ಳುತ್ತದೆ. ಆ ಬೆಲೆ ಎಲ್ಲಿಂದ ಕೊಡಬೇಕು ಅನ್ನುವಲ್ಲಿ ನಾನು ಎರಡು ದಿನ ಸಿಕ್ಕಿಹಾಕಿಕೊಂಡೆ.

ಮೊದಲು ಎಲ್ಲವನ್ನೂ ಕ್ಯಾಟಲಿನಾ ಆಪ್ಟ್ಸ್ ಎಂಬ ವೇರಿಯಬಲ್‌ಗೆ ಹಾಕಿದೆ. ಸರ್ವರ್ ಚೆನ್ನಾಗಿ ಶುರುವಾಯಿತು. ನಿಲ್ಲಿಸಲು ಹೋದರೆ ನಿಲ್ಲಲಿಲ್ಲ. ಕಾರಣ ಇಷ್ಟೇ: ನಿಲ್ಲಿಸುವ ಆದೇಶವೂ ಒಂದು ಪುಟ್ಟ ಜಾವಾ ಪ್ರೋಗ್ರಾಂ. ಅದೂ ಅದೇ ಎಕ್ಸ್‌ಎಂಎಲ್ ಓದಿ, ಯಾವ ಪೋರ್ಟಿಗೆ ‘ನಿಲ್ಲು’ ಅಂತ ಹೇಳಬೇಕೆಂದು ನೋಡುತ್ತದೆ. ಕ್ಯಾಟಲಿನಾ ಆಪ್ಟ್ಸ್ ಶುರು ಮಾಡುವಾಗ ಮಾತ್ರ ಸಿಗುತ್ತದೆ, ನಿಲ್ಲಿಸುವಾಗ ಸಿಗುವುದಿಲ್ಲ. ಸರಿ, ಎಲ್ಲವನ್ನೂ ಜಾವಾ ಆಪ್ಟ್ಸ್‌ಗೆ ಹಾಕೋಣ ಅಂತ ಹಾಕಿದೆ. ಅದು ಎರಡೂ ಸಮಯದಲ್ಲಿ ಸಿಗುತ್ತದೆ. ಈಗ ಬೇರೆ ತೊಂದರೆ. ಜೆಎಂಎಕ್ಸ್ ನಿಗಾ ಪೋರ್ಟೂ ಅದರಲ್ಲೇ ಇತ್ತು. ನಿಲ್ಲಿಸುವ ಪ್ರೋಗ್ರಾಂ ಅದೇ ಪೋರ್ಟನ್ನು ತೆರೆಯಲು ಹೋಗಿ, ‘ಆಗಲೇ ಬಳಕೆಯಲ್ಲಿದೆ’ ಅಂತ ಸತ್ತುಹೋಗುತ್ತಿತ್ತು. ಸರ್ವರ್‌ಗೆಂದು ಕೊಟ್ಟ ಎರಡು ಜಿಬಿ ಹೀಪನ್ನೂ (ಜಾವಾ ಬಳಸುವ ಮೆಮೊರಿ) ಅದು ಸುಮ್ನೆ ಕೇಳುತ್ತಿತ್ತು.

ಕೊನೆಗೆ ಹೀಗೆ ಹಂಚಿದೆ. ಮೆಮೊರಿ, ಜೆಎಂಎಕ್ಸ್ ಮುಂತಾದವು ಕ್ಯಾಟಲಿನಾ ಆಪ್ಟ್ಸ್‌ನಲ್ಲಿ. ಪೋರ್ಟುಗಳು ಪ್ರತಿ ಬೇಸ್‌ನ ಕ್ಯಾಟಲಿನಾ ಪ್ರಾಪರ್ಟೀಸ್ ಫೈಲಿನಲ್ಲಿ. ಆ ಫೈಲನ್ನು ಶುರು ಮಾಡುವಾಗಲೂ ನಿಲ್ಲಿಸುವಾಗಲೂ ಟಾಮ್‌ಕ್ಯಾಟ್ ಓದುತ್ತದೆ. ಜಾವಾ ಆಪ್ಟ್ಸ್ ಖಾಲಿ.

ಈ ವೇರಿಯಬಲ್‌ಗಳನ್ನು ಬರೆಯುವ ಸೆಟ್‌ಎನ್ವ್ ಫೈಲಿನ ವಿಷಯದಲ್ಲೂ ಒಂದು ಎಚ್ಚರ ಬೇಕು. ಹೋಮ್‌ನಲ್ಲಿ ಒಂದು, ಬೇಸ್‌ನಲ್ಲಿ ಒಂದು ಇಟ್ಟರೆ ಎರಡನ್ನೂ ಓದುತ್ತದೆ ಅಂದುಕೊಂಡಿದ್ದೆ. ಇಲ್ಲ. ಬೇಸ್‌ನಲ್ಲಿ ಇದ್ದರೆ ಅದನ್ನು ಮಾತ್ರ ಓದುತ್ತದೆ. ಅಲ್ಲಿ ಇಲ್ಲದಿದ್ದರೆ ಮಾತ್ರ ಹೋಮ್‌ಗೆ ಹೋಗುತ್ತದೆ. ಹಾಗಾಗಿ ಎಲ್ಲರಿಗೂ ಬೇಕಾದ ಸೆಟ್ಟಿಂಗುಗಳಿಗೆ ಬೇರೆಯೇ ಒಂದು ಫೈಲು ಮಾಡಿ, ಮೂರೂ ಸೆಟ್‌ಎನ್ವ್‌ಗಳ ಮೊದಲ ಸಾಲಿನಲ್ಲಿ ಅದನ್ನು ಸೇರಿಸಿಕೊಳ್ಳುವಂತೆ ಬರೆದೆ. ಆಮೇಲೆ ಬರುವ ನಾಲ್ಕೈದು ಸಾಲುಗಳೇ ಆ ಪ್ರೊಫೈಲ್‌ನ ಸ್ವಂತ ಮಾತು. ಫೈಲು ತೆರೆದರೆ ಒಂದೇ ನೋಟಕ್ಕೆ ಈ ಸರ್ವರ್ ಉಳಿದವುಗಳಿಗಿಂತ ಹೇಗೆ ಬೇರೆ ಅಂತ ಕಾಣಬೇಕು. ನನಗೆ ಬೇಕಾಗಿದ್ದುದು ಇದೇ. ಉಳಿದ ಕೆಲಸವೆಲ್ಲ ಇದಕ್ಕಾಗಿ.

ಪಾಸ್‌ವರ್ಡ್‌ಗಳನ್ನು ಎಲ್ಲಿಡಬೇಕು ಅನ್ನುವುದು ಮುಂದಿನ ಪ್ರಶ್ನೆ. ಕಾನ್ಫಿಗ್ ಎಲ್ಲ ಗಿಟ್‌ನಲ್ಲಿದೆ (ಫೈಲುಗಳ ಪ್ರತಿ ಬದಲಾವಣೆಯನ್ನೂ ಉಳಿಸಿಡುವ ವ್ಯವಸ್ಥೆ), ಪಾಸ್‌ವರ್ಡ್ ಮತ್ತು ಎಸ್‌ಎಂಎಸ್ ಕೀ ಮಾತ್ರ ಇಲ್ಲ. ಅವನ್ನು ಜಾವಾ ಆದೇಶದ ಸಾಲಿನಲ್ಲಿ ಕೊಡಬೇಡಿ. ಮೆಷಿನ್‌ಗೆ ಲಾಗಿನ್ ಆದ ಯಾರೇ ಆಗಲಿ, ಓಡುತ್ತಿರುವ ಪ್ರೋಗ್ರಾಂಗಳನ್ನು ತೋರಿಸುವ ಪಿಎಸ್ ಆದೇಶ ಕೊಟ್ಟರೆ ಪೂರ್ತಿ ಸಾಲು ಕಾಣಬಹುದು. ನಾನು ಪ್ರತಿ ಪ್ರೊಫೈಲ್‌ಗೂ ಒಂದು ಗುಟ್ಟಿನ ಫೈಲು ಇಟ್ಟು, ರೂಟ್ ಮಾತ್ರ ಓದುವಂತೆ 600 ಅನುಮತಿ ಕೊಟ್ಟೆ. ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ಶುರು ಮಾಡಿ ನಿಲ್ಲಿಸುವ ಸಿಸ್ಟಂಡಿ ಅದನ್ನು ಓದಿ ಎನ್ವಿರಾನ್‌ಮೆಂಟ್ ಮೂಲಕ ಕೊಡುತ್ತದೆ. ಮೂರೂ ಸರ್ವರ್‌ಗಳು ಬೇರೆ ಬೇರೆ ಲಿನಕ್ಸ್ ಯೂಸರ್ ಹೆಸರಿನಲ್ಲಿ ಓಡುತ್ತವೆ. ಟೆಸ್ಟ್‌ನ ಡೇಟಾಬೇಸ್ ಯೂಸರ್‌ಗೆ ಲೈವ್ ಡೇಟಾಬೇಸಿನಲ್ಲಿ ಯಾವ ಹಕ್ಕೂ ಇಲ್ಲ. ಯಾರಾದರೂ ತಪ್ಪಿ ಲೈವ್ ವಿಳಾಸವನ್ನು ಟೆಸ್ಟ್‌ಗೆ ಬರೆದರೂ ಬಾಗಿಲು ತೆರೆಯುವುದಿಲ್ಲ. ಹಳೆಯ ಪಾಸ್‌ವರ್ಡ್‌ಗಳು ಗಿಟ್‌ನ ಇತಿಹಾಸದಲ್ಲಿ ಉಳಿದಿದ್ದವು. ಅಳಿಸುವ ಬದಲು ಎಲ್ಲ ಪಾಸ್‌ವರ್ಡ್ ಬದಲಿಸಿಬಿಟ್ಟೆವು. ಅದು ಸುಲಭ, ಖಚಿತ.

ಸಿಸ್ಟಂಡಿಯಲ್ಲಿ ಮೂರು ಸರ್ವಿಸ್ ಫೈಲು ಬರೆಯುವ ಅಗತ್ಯ ಇಲ್ಲ. ಹೆಸರಿನ ಕೊನೆಗೆ ಆ್ಯಟ್ ಚಿಹ್ನೆ ಹಾಕಿದ ಒಂದೇ ಟೆಂಪ್ಲೇಟ್ ಸಾಕು. ಆ್ಯಟ್ ಆದ ಮೇಲೆ ಬರೆದ ಪದವೇ ಪ್ರೊಫೈಲ್‌ನ ಹೆಸರು. ಬೇಸ್ ಫೋಲ್ಡರಿನ ದಾರಿ, ಯೂಸರ್ ಹೆಸರು, ಗುಟ್ಟಿನ ಫೈಲು ಎಲ್ಲವೂ ಆ ಒಂದು ಪದದಿಂದ ಬರುತ್ತವೆ. ಹಾಗಾಗಿ ಟೆಸ್ಟ್ ಶುರು ಮಾಡಿದರೆ ಲೈವ್‌ನ ಕೀ ಅದರೊಳಗೆ ಬರಲು ದಾರಿಯೇ ಇಲ್ಲ. ಸಿಸ್ಟಂಡಿ ಕಳಿಸುವ ‘ನಿಲ್ಲು’ ಸಂಕೇತಕ್ಕೆ ಜಾವಾ ಪ್ರೋಗ್ರಾಂ ಸರಿಯಾಗಿ ನಿಂತಾಗಲೂ 143 ಎಂಬ ಸಂಖ್ಯೆ ಕೊಟ್ಟು ಹೋಗುತ್ತದೆ. ಸಿಸ್ಟಂಡಿ ಅದನ್ನು ಸೋಲು ಅಂದುಕೊಳ್ಳುತ್ತದೆ. 143 ಕೂಡ ಯಶಸ್ಸೇ ಅಂತ ಆ ಫೈಲಿನಲ್ಲಿ ಹೇಳಿಡಬೇಕು.

ಆ್ಯಪ್‌ನಲ್ಲೂ ಎರಡು ಬದಲಾವಣೆ ಮಾಡಿಸಿದೆ. ಎಸ್‌ಎಂಎಸ್ ಕಳಿಸುವುದು ಮೂಲದಲ್ಲೇ ಬಂದ್. ಲೈವ್‌ನ ಫೈಲು ಮಾತ್ರ ಅದನ್ನು ತೆರೆಯುತ್ತದೆ. ಟೆಸ್ಟ್‌ನಲ್ಲಿ ಮೆಸೇಜ್ ಪರೀಕ್ಷಿಸಬೇಕಾದರೆ ನಮ್ಮ ಆಫೀಸಿನ ನಾಲ್ಕು ನಂಬರುಗಳಿಗೆ ಮಾತ್ರ ಹೋಗುತ್ತದೆ. ಎರಡನೆಯದು, ಪ್ರೊಫೈಲ್ ಹೆಸರು ಸಿಗದಿದ್ದರೆ ಆ್ಯಪ್ ಶುರುವೇ ಆಗುವುದಿಲ್ಲ. ಹೆಸರಿಲ್ಲದಿದ್ದರೆ ಲೈವ್ ಅಂತ ಊಹಿಸುವ ಪದ್ಧತಿ ಬಹಳ ಕಡೆ ನೋಡಿದ್ದೇನೆ. ಅದು ಅಪಾಯ. ಹಾಗೆಯೇ ಕೋಡಿನಲ್ಲಿ ‘ಲೈವ್ ಆಗಿದ್ದರೆ ಹೀಗೆ ಮಾಡು’ ಅಂತ ಎಲ್ಲೂ ಬರೆಯಬೇಡಿ ಅಂತ ಹುಡುಗರಿಗೆ ಹೇಳಿದ್ದೇನೆ. ಎಸ್‌ಎಂಎಸ್ ಕಳಿಸಬೇಕಾ ಅಂತ ಕೇಳಲಿ, ನಾನು ಯಾರು ಅಂತ ಕೇಳುವುದು ಬೇಡ. ಪ್ರೊಫೈಲ್‌ನ ಹೆಸರು ಬೇಕಾಗುವುದು ಪರದೆಯ ಮೇಲೆ ತೋರಿಸಲು ಮಾತ್ರ. ಟೆಸ್ಟ್‌ನಲ್ಲಿ ಮೇಲ್ಗಡೆ ಕೆಂಪು ಪಟ್ಟಿ, ತರಬೇತಿಯಲ್ಲಿ ಹಸಿರು ಪಟ್ಟಿ, ಅದರ ಮೇಲೆ ದೊಡ್ಡ ಕನ್ನಡ ಅಕ್ಷರ.

ಈಗ ಎಲ್ಲರೂ ಡಾಕರ್ ಬಳಸುತ್ತಾರಲ್ಲ, ಇದೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ಆ್ಯಪನ್ನು ಅದಕ್ಕೆ ಬೇಕಾದದ್ದರ ಜೊತೆ ಒಂದೇ ಇಮೇಜ್ ಆಗಿ ಕಟ್ಟಿಡುವುದು ಡಾಕರ್. ಅದರಲ್ಲೂ ಇಮೇಜ್ ಒಂದೇ ಇರಬೇಕು, ಬೆಲೆಗಳು ಹೊರಗಿನಿಂದ ಬರಬೇಕು. ಯಾವುದು ಒಂದೇ, ಯಾವುದು ಬೇರೆ ಅಂತ ವಿಂಗಡಿಸುವ ಕೆಲಸ ಅಲ್ಲಿಯೂ ನಿಮ್ಮದೇ ಅಲ್ವಾ? ನಮಗೆ ಒಂದು ಮೆಷಿನ್, ಮೂರು ಸರ್ವರ್. ಇದು ಸಾಕಾಗಿದೆ.

ಮೂರಕ್ಕೂ 9.0.31 ಹಾಕಿದಾಗ ಅರ್ಧ ಗಂಟೆಯೂ ಹಿಡಿಯಲಿಲ್ಲ. ಆಮೇಲಿನ ಅಪ್‌ಗ್ರೇಡ್‌ಗಳಲ್ಲಿ ಹೊಸ ವರ್ಷನ್ ಬಿಚ್ಚಿಡುವುದು, ಯಾವ ವರ್ಷನ್ ಬಳಸಬೇಕೆಂದು ತೋರಿಸುವ ಲಿಂಕ್ ಬದಲಿಸುವುದು, ರೀಸ್ಟಾರ್ಟ್ ಮಾಡುವುದು, ಅಷ್ಟೇ. ತೊಂದರೆ ಬಂದರೆ ಲಿಂಕನ್ನು ಹಿಂದಕ್ಕೆ ತಿರುಗಿಸಿದರಾಯಿತು. ಹೊಸದರ ಜೊತೆ ಬಂದ ಕಾನ್ಫಿಗ್ ಫೈಲುಗಳನ್ನು ಹಳೆಯದರ ಜೊತೆ ಹೋಲಿಸಿ ನೋಡುವುದನ್ನು ಮಾತ್ರ ಬಿಡುವುದಿಲ್ಲ.

ಮೊದಲು ಮೂರಕ್ಕೂ ಒಂದೇ ಲಿಂಕ್ ಇತ್ತು. ಈಗ ಒಂದೊಂದಕ್ಕೂ ಬೇರೆ ಮಾಡಿದ್ದೇನೆ, 10.1ಕ್ಕೆ ಹೋಗಬೇಕಾಗಿದೆ ಅಂತ. ಟಾಮ್‌ಕ್ಯಾಟ್ 10ರಲ್ಲಿ ಜಾವಾಎಕ್ಸ್ ಎಂದಿದ್ದ ಪ್ಯಾಕೇಜ್ ಹೆಸರುಗಳು ಜಕಾರ್ತಾ ಎಂದಾಗಿವೆ. ಹಳೆಯ ಆ್ಯಪ್ ಹಾಗೆಯೇ ಓಡುವುದಿಲ್ಲ. 10.1ಕ್ಕೆ ಜಾವಾ 11 ಅಥವಾ ಅದಕ್ಕಿಂತ ಹೊಸದೂ ಬೇಕು. ಆದ್ದರಿಂದ ಜಾವಾ ಎಲ್ಲಿದೆ ಅನ್ನುವುದೂ ಪ್ರೊಫೈಲ್‌ನ ಒಂದು ಸಾಲಾಗಿದೆ. ತರಬೇತಿ ಸರ್ವರ್ ಎರಡು ವಾರದಿಂದ 10.1ರಲ್ಲಿ ಓಡುತ್ತಿದೆ. ಅದೇ ಕಾಲೇಜಿನ ಮೇಡಂ ತಮ್ಮ ಇಬ್ಬರು ಹೊಸ ಗುಮಾಸ್ತರನ್ನು ಕೂರಿಸಿಕೊಂಡು ದಿನಾ ಅದರಲ್ಲಿ ರಸೀದಿ ಹಾಕಿಸುತ್ತಿದ್ದಾರೆ. ಲೈವ್ ಇನ್ನೂ 9ರಲ್ಲೇ ಇದೆ. ಜೂನ್ ತಿಂಗಳ ಫೀ ಗದ್ದಲ ಮುಗಿಯಲಿ, ಆಮೇಲೆ ಆ ಲಿಂಕನ್ನೂ ಬದಲಿಸುತ್ತೇನೆ.