ಹತ್ತು ವರ್ಷದ ಪ್ರಸಂಗ, ಅರ್ಧ ಗಂಟೆಯ ಮಾತು

ನಾನು ಮಲೆನಾಡಿನ ಒಂದು ಸಣ್ಣ ಊರಿನಲ್ಲಿ ಸಭಾಪಾಲಕ, ಅಂದರೆ ಚರ್ಚಿನ ಪಾದ್ರಿ. ನಮ್ಮ ಸಭೆಯಲ್ಲಿ 43 ಮನೆಗಳಿವೆ. ಹೆಚ್ಚಿನವರು ಕಾಫಿ ತೋಟದ ಕೆಲಸದವರು. ಗಾರೆ ಕೆಲಸ, ಡ್ರೈವರ್ ಕೆಲಸ ಮಾಡುವವರೂ ಇದ್ದಾರೆ. ಪ್ರತಿ ಭಾನುವಾರ ಚರ್ಚಿನಲ್ಲಿ ಪ್ರಸಂಗ, ಅಂದರೆ ಬೋಧನೆ ಮಾಡುತ್ತೇನೆ, ಎಲ್ಲರೂ ತಲೆ ಆಡಿಸುತ್ತಾರೆ. ಆದರೆ ಯಾರ ಮನಸ್ಸಿಗೆ ಏನು ಇಳಿಯಿತು ಅಂತ ನನಗೆ ಗೊತ್ತಾಗುತ್ತಿರಲಿಲ್ಲ. ಅದೇ ಕೊರಗಿನಲ್ಲಿದ್ದಾಗ ರಿಚರ್ಡ್ ಬ್ಯಾಕ್ಸ್ಟರ್ ಅವರ ಪುಸ್ತಕ ಕೈಗೆ ಬಂತು. ಅದನ್ನು ಓದಿ, ಅದರಂತೆ ಮಾಡಲು ಹೊರಟು, ಮೊದಲು ಎಡವಿ, ಮತ್ತೆ ಕಲಿತ ಕಥೆ ಇದು.

ಬ್ಯಾಕ್ಸ್ಟರ್ 17ನೇ ಶತಮಾನದ ಇಂಗ್ಲೆಂಡಿನ ಪ್ಯೂರಿಟನ್ ಪಾದ್ರಿ. ಅಲ್ಲಿನ ಚರ್ಚನ್ನು ಬೈಬಲಿಗೆ ತಕ್ಕಂತೆ ಇನ್ನೂ ಶುದ್ಧ ಮಾಡಬೇಕು ಅನ್ನುತ್ತಿದ್ದವರು ಪ್ಯೂರಿಟನ್ನರು. ಹುಟ್ಟಿದ್ದು 1615ರಲ್ಲಿ, ಶ್ರಾಪ್‌ಶೈರ್‌ನಲ್ಲಿ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರಲ್ಲ. ಒಮ್ಮೆ ಮನೆ ಬಾಗಿಲಿಗೆ ಒಬ್ಬ ಬಡ ವ್ಯಾಪಾರಿ ಲಾವಣಿಗಳ ಜೊತೆ ಕೆಲವು ಒಳ್ಳೆಯ ಪುಸ್ತಕಗಳನ್ನೂ ಹೊತ್ತು ತಂದಿದ್ದ. ಅಪ್ಪ ಅವನಿಂದ ರಿಚರ್ಡ್ ಸಿಬ್ಸ್ ಅನ್ನುವ ಇನ್ನೊಬ್ಬ ಪ್ಯೂರಿಟನ್ ಪಾದ್ರಿಯ ಒಂದು ಪುಸ್ತಕ ಕೊಂಡರು. 'ಜಜ್ಜಿದ ದಂಟನ್ನು ಮುರಿಯನು' ಅನ್ನುವ ಬೈಬಲ್ ವಚನದ ಮೇಲೆ ಬರೆದದ್ದು ಅದು. ದೇವರ ಪ್ರೀತಿ ಎಂಥದ್ದು ಅಂತ ಹುಡುಗ ಬ್ಯಾಕ್ಸ್ಟರ್‌ಗೆ ಮನಸ್ಸಿಗೆ ತಟ್ಟಿದ್ದು ಆ ಪುಸ್ತಕದಿಂದ. ಮುಂದೆ ಅವರೇ ನೂರಕ್ಕೂ ಜಾಸ್ತಿ ಪುಸ್ತಕ ಬರೆದರು. ತಮಗೆ ಬರಬೇಕಾದ ಹಣದ ಬದಲು ಪುಸ್ತಕದ ಪ್ರತಿಗಳನ್ನೇ ತೆಗೆದುಕೊಂಡು ಬಡವರಿಗೆ ಹಂಚುತ್ತಿದ್ದರು. ಬಾಗಿಲಿಗೆ ಬಂದ ಒಂದು ಪುಸ್ತಕ ಏನು ಮಾಡಬಲ್ಲದು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅವರು ಹೆಚ್ಚು ಕಾಲ ಸೇವೆ ಮಾಡಿದ ಊರು ಕಿಡರ್‌ಮಿನ್‌ಸ್ಟರ್. ನೇಕಾರರ ಊರು, 800ಕ್ಕಿಂತ ಹೆಚ್ಚು ಮನೆ. ಮಗ್ಗದ ಮುಂದೆ ನಿಂತೇ ನೇಕಾರರು ಎದುರಿಗೊಂದು ಪುಸ್ತಕ ಇಟ್ಟುಕೊಂಡು ಓದಬಹುದಿತ್ತು, ಪಕ್ಕದವರ ಜೊತೆ ಅದರ ಬಗ್ಗೆ ಮಾತಾಡಬಹುದಿತ್ತು ಅಂತ ಅವರು ಬರೆದಿದ್ದಾರೆ. ಈ ಸಾಲು ಓದಿದಾಗ ನನ್ನ ಸಭೆಯವರು ಕಣ್ಣ ಮುಂದೆ ಬಂದರು. ಕಾಫಿ ಕುಯ್ಲಿನಲ್ಲಿ ಎರಡೂ ಕೈಗೆ ಕೆಲಸ. ಹಣ್ಣು ಬಿಡಿಸುತ್ತಾ ಪುಸ್ತಕ ಓದಲಾಗುವುದಿಲ್ಲ, ಆದರೆ ಬಾಯಿಗೆ ಬಿಡುವಿರುತ್ತದೆ. ನಮ್ಮ ಹೆಂಗಸರು ಗಿಡದ ಸಾಲಿನಲ್ಲಿ ಮಾತಾಡಿಕೊಳ್ಳುವಷ್ಟು ಚರ್ಚಿನಲ್ಲಿ ಮಾತಾಡುವುದಿಲ್ಲ.

ನಾನು ಹಿಡಿದ ಪುಸ್ತಕ 'ದಿ ರಿಫಾರ್ಮ್ಡ್ ಪಾಸ್ಟರ್'. 1656ರಲ್ಲಿ ಬಂದದ್ದು. ಹಿಂದಿನ ವರ್ಷದ ಡಿಸೆಂಬರ್‌ನಲ್ಲಿ ಆ ಸೀಮೆಯ ಪಾದ್ರಿಗಳೆಲ್ಲ ಸೇರಿ, ಮನೆಮನೆಯವರಿಗೆ ಮುಖಾಮುಖಿ ಬೋಧಿಸುವ ಕೆಲಸಕ್ಕಾಗಿ ಒಂದು ದಿನ ಪ್ರಾರ್ಥನೆಗೆ ಕೂತಿದ್ದರು. ಬ್ಯಾಕ್ಸ್ಟರ್ ಮಾತಾಡಬೇಕಿತ್ತು, ಕಾಯಿಲೆಯಿಂದ ಹೋಗಲಾಗಲಿಲ್ಲ. ಹೇಳಬೇಕೆಂದಿದ್ದನ್ನೇ ಬೆಳೆಸಿ ಪುಸ್ತಕ ಮಾಡಿದರು. ಮೂಲಕ್ಕೆ ಹಿಡಿದ ವಚನ ಬೈಬಲಿನ ಅಪೊಸ್ತಲರ ಕೃತ್ಯಗಳು 20:28. ಮೊದಲು ನಿಮ್ಮನ್ನು ನೋಡಿಕೊಳ್ಳಿ, ಆಮೇಲೆ ಹಿಂಡನ್ನು ನೋಡಿಕೊಳ್ಳಿ ಅನ್ನುವ ಮಾತು. ಹೆಸರಿನಲ್ಲಿರುವ 'ರಿಫಾರ್ಮ್ಡ್' ಯಾವುದೋ ಪಂಗಡದ ಹೆಸರು ಅಂತ ನಾನೂ ಅಂದುಕೊಂಡಿದ್ದೆ. ಅದು ಹಾಗಲ್ಲ. ತನ್ನನ್ನು ತಿದ್ದಿಕೊಂಡ ಪಾಲಕ ಅಂತ ಅರ್ಥ.

ಓದಲು ಹೊರಡುವವರಿಗೆ ಒಂದು ಮಾತು. ಮೂಲ ಪುಸ್ತಕ ದಪ್ಪ, ಲ್ಯಾಟಿನ್ ಉಲ್ಲೇಖ ಜಾಸ್ತಿ, ಆ ಕಾಲದ ಜಗಳಗಳೂ ಇವೆ. 1829ರಲ್ಲಿ ವಿಲಿಯಂ ಬ್ರೌನ್ ಮಾಡಿದ ಸಂಕ್ಷಿಪ್ತ ರೂಪ ಸಾಕು, ನಾನೂ ಅದನ್ನೇ ಓದಿದ್ದು. ಮೊದಲ ಭಾಗ ಪಾಲಕನ ಬೆನ್ನಿಗೆ ಚಾಟಿ ಏಟು. ಬೇರೆಯವರಿಗೆ ಅಡುಗೆ ಮಾಡಿ ಬಡಿಸುತ್ತಾ ತಾನೇ ಹಸಿದು ಸಾಯುವವನ ಹಾಗಾಗಬೇಡ ಅನ್ನುವ ಧಾಟಿ. ಅದನ್ನು ಒಂದೇ ಸಲಕ್ಕೆ ಓದಬೇಡಿ. ನಾನು ದಿನಕ್ಕೆ ಎರಡು ಪುಟ ಓದಿ, ಮುಚ್ಚಿಟ್ಟು, ಪ್ರಾರ್ಥನೆ ಮಾಡುತ್ತಿದ್ದೆ.

ನನ್ನನ್ನು ಕುರ್ಚಿಯಿಂದ ಎಬ್ಬಿಸಿದ್ದು ಒಂದು ಸಾಲು. ವರ್ಷಗಟ್ಟಲೆ ಪ್ರಸಂಗ ಕೇಳಿಯೂ ಏನೂ ತಿಳಿಯದಿದ್ದ ಕೆಲವರು, ಹತ್ತು ವರ್ಷದ ಪ್ರಸಂಗದಿಂದ ಪಡೆಯದ್ದನ್ನು ಅರ್ಧ ಗಂಟೆ ಹತ್ತಿರ ಕೂತು ಆಡಿದ ಮಾತಿನಿಂದ ಪಡೆದರು ಅಂತ ಬ್ಯಾಕ್ಸ್ಟರ್ ಹೇಳುತ್ತಾರೆ. ಪ್ರಸಂಗ ಮಾಡಬೇಡಿ ಅಂತ ಅವರು ಹೇಳುತ್ತಿಲ್ಲ. ಅವರೇ ದೊಡ್ಡ ಪ್ರಸಂಗಿ. ಅವರ ಕಾಲದಲ್ಲಿ ಚರ್ಚಿನಲ್ಲಿ ಜಾಗ ಸಾಲದೆ ಐದು ಗ್ಯಾಲರಿ ಕಟ್ಟಿಸಬೇಕಾಯಿತು. ಅಂಥವರು ಈ ಮಾತು ಹೇಳಿದರೆ ಸುಮ್ನೆ ಬಿಡೋದು ಹೇಗೆ, ಅಲ್ವಾ?

ಅವರ ಲೆಕ್ಕ ಹೀಗಿತ್ತು. ಸೋಮವಾರ, ಮಂಗಳವಾರ ಬೆಳಗ್ಗೆಯಿಂದ ಹೆಚ್ಚುಕಡಿಮೆ ರಾತ್ರಿವರೆಗೆ ಇದೇ ಕೆಲಸ. ಅವರೂ ಸಹಾಯಕರೂ ಸೇರಿ ವಾರಕ್ಕೆ 15 ಅಥವಾ 16 ಕುಟುಂಬ. ಹಾಗೆ ಹೋದರೆ ವರ್ಷದಲ್ಲಿ 800 ಮನೆಯೂ ಮುಗಿಯುತ್ತದೆ. ಒಂದು ವಾರ ಮೊದಲೇ ಆಳು ಹೋಗಿ, ನಿಮ್ಮದು ಎಂಟು ಗಂಟೆಗೆ, ಪಕ್ಕದ ಮನೆಯವರದು ಒಂಬತ್ತಕ್ಕೆ ಅಂತ ತಿಳಿಸಿ ಬರುತ್ತಿದ್ದ. ನಾನು ವಾರಕ್ಕೆ 4 ಮನೆ ಅಂತ ಇಟ್ಟುಕೊಂಡೆ, 11 ವಾರಕ್ಕೆ 43 ಮನೆ. ಶುರು ಮಾಡಿದ್ದು ಜೂನ್‌ನಲ್ಲಿ. ಮಳೆ ಹಿಡಿದರೆ ಸಂಜೆ ಎಲ್ಲರೂ ಮನೆಯಲ್ಲೇ ಇರುತ್ತಾರೆ.

ಮೊದಲ ವಾರವೇ ತಪ್ಪು ಮಾಡಿದೆ.

ಗಾರೆ ಕೆಲಸ ಮಾಡಿ ವಯಸ್ಸಾದ ಒಬ್ಬ ಹಿರಿಯರಿದ್ದಾರೆ. ಸುಮಾರು ನಲವತ್ತು ವರ್ಷದಿಂದ ಮುಂದಿನ ಬೆಂಚಿನಲ್ಲೇ ಕೂರುವವರು. ಅವರ ಮನೆಗೆ ಹೋದಾಗ ಪಕ್ಕದ ಮನೆಯ ಇಬ್ಬರು ಚಹಾಕ್ಕೆ ಬಂದಿದ್ದರು, ಸೊಸೆ ಬಾಗಿಲ ಹತ್ತಿರ ನಿಂತಿದ್ದಳು. ನಾನು ಸೀದಾ ಕೇಳಿದೆ, "ದೇವರು ನಮ್ಮನ್ನು ನೀತಿವಂತರೆಂದು ನಿರ್ಣಯಿಸುವುದು ಅಂದರೆ ಏನು?" ಅವರು ಹೆಗಲ ಮೇಲಿದ್ದ ಟವೆಲ್ ತೆಗೆದು ಮಡಿಸಿದರು. ಮತ್ತೆ ಬಿಡಿಸಿದರು. ಸಿಮೆಂಟು ತಿಂದ ಬೆರಳುಗಳು ಟವೆಲಿನ ಅಂಚನ್ನೇ ಸವರುತ್ತಿದ್ದವು. ಯಾರೂ ಮಾತಾಡಲಿಲ್ಲ. ಕೊನೆಗೆ ನಾನೇ ಉತ್ತರ ಹೇಳಿ, ಪ್ರಾರ್ಥನೆ ಮಾಡಿ ಎದ್ದು ಬಂದೆ. ಮುಂದಿನ ಎರಡು ಭಾನುವಾರ ಅವರು ಆರಾಧನೆಗೆ ಬರಲಿಲ್ಲ.

ಮನೆಗೆ ಬಂದು ಪುಸ್ತಕ ತೆಗೆದೆ. ಕೊನೆಯ ಭಾಗದಲ್ಲಿ ಈ ಕೆಲಸ ಹೇಗೆ ಮಾಡಬೇಕು ಅಂತ ಬ್ಯಾಕ್ಸ್ಟರ್ ಒಂದೊಂದಾಗಿ ಬರೆದಿದ್ದಾರೆ. ಮೊದಲ ಸಲ ಅದನ್ನು ಬೇಗ ಬೇಗ ತಿರುವಿಹಾಕಿದ್ದೆ. ನಾನು ಮಾಡಿದ ಪ್ರತಿಯೊಂದು ತಪ್ಪಿಗೂ ಅಲ್ಲಿ ಎಚ್ಚರಿಕೆ ಇತ್ತು. ಬೇರೆ ಮನೆಯವರ ಎದುರು ಕೇಳಬೇಡಿ, ನಾಚಿಕೆಯಲ್ಲಿ ಜನ ಬಾಯಿ ಬಿಡುವುದಿಲ್ಲ. ಯಾಕೆ ಬಂದಿದ್ದೀರಿ ಅಂತ ಮೊದಲು ಮೆತ್ತಗೆ ಹೇಳಿ. ಸುಲಭವಾದದ್ದರಿಂದ, ಅವರ ಬದುಕಿಗೆ ಹತ್ತಿರವಾದದ್ದರಿಂದ ಶುರು ಮಾಡಿ. ಸತ್ತ ಮೇಲೆ ಮನುಷ್ಯನಿಗೆ ಏನಾಗುತ್ತದೆ ಅಂತ ನಿಮಗೆ ಅನ್ನಿಸುತ್ತದೆ? ನಿಮ್ಮಲ್ಲಿ ಪಾಪ ಇದೆ ಅಂತ ನಂಬುತ್ತೀರಾ? ಈ ಥರದ ಪ್ರಶ್ನೆಗಳು. ನನಗೆ ತುಂಬಾ ಉಪಕಾರವಾದದ್ದು ಇನ್ನೊಂದು ಸಲಹೆ. ನಿಮಗೆ ಬೇಕಾದದ್ದು ವ್ಯಾಖ್ಯಾನ ಅಲ್ಲ, ಸುಮ್ನೆ ಅವರ ಮನಸ್ಸಿನ ಮಾತು ಅಂತ ಅವರಿಗೆ ಗೊತ್ತಾಗುವ ಹಾಗೆ ಪ್ರಶ್ನೆ ಕಟ್ಟಿ. ಪದ ಹುಡುಕಬೇಡಿ, ವಿಷಯ ಹುಡುಕಿ. ಉತ್ತರ ಬರದಿದ್ದರೆ ಹೌದು, ಇಲ್ಲ ಅಂದರೂ ಸಾಕು. ಇಲ್ಲವೇ ನೀವೇ ಎರಡು ಉತ್ತರ ಮುಂದಿಟ್ಟು, ಯಾವುದು ಅಂತ ಕೇಳಿ.

ಎಷ್ಟೋ ಜನರಿಗೆ ವಿಷಯ ಗೊತ್ತಿರುತ್ತದೆ, ಹೇಳಲು ಮಾತು ಸಿಗುವುದಿಲ್ಲ. ಮಾತು ಸಿಗಲಿಲ್ಲ ಅಂದ ಮಾತ್ರಕ್ಕೆ ನಂಬಿಕೆ ಇಲ್ಲ ಅಂತ ತೀರ್ಮಾನ ಮಾಡಬಾರದು. ಪ್ಯೂರಿಟನ್ನರು ಅಂದರೆ ಕಟ್ಟುನಿಟ್ಟಿನವರು, ಗಂಟುಮುಖದವರು ಅಂತ ಕೇಳಿ ಬೆಳೆದವನು ನಾನು. ಓದು ಬಾರದ ಒಬ್ಬ ನೇಕಾರನ ಮಾನ ಕಾಯಲು ಇಷ್ಟು ಯೋಚಿಸಿದ ಮನುಷ್ಯನನ್ನು ಆ ಹೆಸರಿನ ಹಿಂದೆ ನಾನು ನಿರೀಕ್ಷಿಸಿರಲಿಲ್ಲ.

ಆ ಭಾಗವನ್ನು ಕನ್ನಡಕ್ಕೆ ಇಳಿಸಿಕೊಂಡೆ, ನನ್ನ ಬಳಕೆಗೆ, ನೋಟ್‌ಬುಕ್ಕಿನ ಎರಡು ಪುಟ. ಬ್ಯಾಕ್ಸ್ಟರ್ ಅವರ ಒಂದು ವಾಕ್ಯ ಅರ್ಧ ಪುಟ ಓಡುತ್ತದೆ. ಅದನ್ನು ನಾಲ್ಕೈದು ತುಂಡು ಮಾಡಬೇಕು. ಬರೆದದ್ದನ್ನು ರಾತ್ರಿ ಹೆಂಡತಿಗೆ ಓದಿ ಹೇಳುತ್ತಿದ್ದೆ. 'ವೈಯಕ್ತಿಕ ಸಂದರ್ಶನ' ಅಂತ ಬರೆದಿದ್ದೆ. "ಸಂದರ್ಶನ ಅಂದ್ರೆ ಕೆಲಸಕ್ಕೆ ಕರೆದ ಹಾಗಿದೆ, ಜನ ಹೆದರ್ಕೋತಾರೆ" ಅಂದಳು. 'ಕೂತು ಮಾತಾಡೋದು' ಅಂತ ತಿದ್ದಿದೆ. ಭಾನುವಾರ ಪ್ರಕಟಣೆಯಲ್ಲೂ ಹಾಗೇ ಹೇಳಿದೆ. ಅಲ್ಲಿಂದ ಜನರ ಮುಖ ಸಡಿಲವಾಯಿತು.

ಇನ್ನೂ ಕೆಲವು ಬದಲಾವಣೆ ಮಾಡಿದೆ. ಮಾತಿಗೆ ಕೂತ ಸಮಯದ ಕೂಲಿ ಕಳೆದುಕೊಳ್ಳುವ ಬಡವರಿಗೆ, ನಿಮ್ಮ ಕೈಲಾದರೆ ಏನಾದರೂ ಕೊಟ್ಟು ಕಳಿಸಿ ಅಂತ ಬ್ಯಾಕ್ಸ್ಟರ್ ಹೇಳುತ್ತಾರೆ. ನನ್ನ ಸಂಬಳದಲ್ಲಿ ಅದು ಆಗದ ಮಾತು. ಹಾಗಾಗಿ ತೋಟದ ಕೆಲಸ ಬಿಟ್ಟ ಮೇಲೆ, ಸಂಜೆ ಐದೂವರೆಗೆ ನಾನೇ ಕೆಲಸದವರ ಲೈನ್ ಮನೆಗಳಿಗೆ ಹೋದೆ. ಯಾರ ಅರ್ಧ ದಿನವೂ ಹೋಗಲಿಲ್ಲ. ಫೋನ್ ಚೀಲದೊಳಗೆ. ಮೊದಲ ಹತ್ತು ನಿಮಿಷ ಮಕ್ಕಳ ಓದು, ಮೊಣಕಾಲು ನೋವು, ಸೋರುವ ಹೆಂಚು. ಮಾತಾಡುವಾಗ ಏನನ್ನೂ ಬರೆದುಕೊಳ್ಳಲಿಲ್ಲ. ಮನೆಗೆ ಬಂದ ಮೇಲೆ ಪ್ರಾರ್ಥನೆಗೆ ಬೇಕಾದಷ್ಟೇ ಗುರುತು ಹಾಕಿಕೊಂಡೆ. ತಪ್ಪು ಮಾಡಿದವರನ್ನು ಸಭೆಯ ಮುಂದೆ ಹೆಸರು ಹಿಡಿದು ಗದರಿಸುವ ಬಗ್ಗೆ ಬ್ಯಾಕ್ಸ್ಟರ್ ಬರೆದದ್ದನ್ನು ನಾನು ಪಾಲಿಸಲಿಲ್ಲ. ನಮ್ಮ ಊರಿನಲ್ಲಿ ಅದು ಒಂದು ಕುಟುಂಬವನ್ನೇ ಸಭೆಯಿಂದ ದೂರ ಮಾಡುತ್ತದೆ.

ಒಬ್ಬ ಅಜ್ಜಿಯ ಮನೆಯಲ್ಲಿ ಕೂತಿದ್ದೆ. ಹೊರಗೆ ಜೋರು ಮಳೆ, ಒಲೆಯ ಮೇಲೆ ಕಂಬಳಿ ಒಣಗುತ್ತಿತ್ತು. "ನಂಗೆ ಓದೋಕೆ ಬರಲ್ಲ ಅಯ್ನೋರೆ, ಏನು ಕೇಳಿದ್ರೂ ಗೊತ್ತಿಲ್ಲ" ಅಂದರು ಮೊದಲೇ. "ಓದಿದ್ದು ಬೇಡ ಅಜ್ಜಿ. ರಾತ್ರಿ ನಿದ್ದೆ ಬರದಿದ್ರೆ ದೇವರ ಹತ್ರ ಏನು ಹೇಳ್ತೀರಿ, ಅದನ್ನ ಹೇಳಿ" ಅಂದೆ. ಅಜ್ಜಿ ಇಪ್ಪತ್ತು ನಿಮಿಷ ಮಾತಾಡಿದರು. ತೀರಿಹೋದ ಮಗನ ಬಗ್ಗೆ, ಅವನನ್ನು ಬೈದು ಕಳಿಸಿದ ದಿನದ ಬಗ್ಗೆ, ದೇವರು ಅದನ್ನು ಕ್ಷಮಿಸಿದ್ದಾನೋ ಇಲ್ಲವೋ ಅನ್ನುವ ಭಯದ ಬಗ್ಗೆ. ಕ್ಷಮೆಯ ಮೇಲೆ ನಾನು ಎಷ್ಟು ಪ್ರಸಂಗ ಮಾಡಿದ್ದೇನೋ. ಅವರ ಈ ಪ್ರಶ್ನೆ ಅಷ್ಟೂ ಭಾನುವಾರ ಮೂರನೇ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂತಿತ್ತು.

ಬ್ಯಾಕ್ಸ್ಟರ್ ತಮ್ಮ ಬಗ್ಗೆಯೂ ಮುಚ್ಚುಮರೆ ಮಾಡುವುದಿಲ್ಲ. ಇದು ಮಾಡಬೇಕಾದ ಕೆಲಸ ಅಂತ ಗೊತ್ತಿದ್ದೂ ಬಹಳ ಕಾಲ ಹಿಂಜರಿದೆ, ಜನ ತಾತ್ಸಾರ ಮಾಡುತ್ತಾರೆ ಅಂದುಕೊಂಡಿದ್ದೆ, ಇಳಿದು ನೋಡಿದರೆ ಕಷ್ಟ ಏನೂ ಅಲ್ಲ ಅನ್ನಿಸಿತು ಅಂತ ಬರೆಯುತ್ತಾರೆ. ಎಲ್ಲ ಪಾದ್ರಿಗಳೂ ಒಂದೇ ಸರ್ಕಾರಿ ಪ್ರಾರ್ಥನಾ ಪುಸ್ತಕವನ್ನು ಒಪ್ಪಬೇಕು ಅನ್ನುವ 1662ರ ಕಾನೂನು ಅವರಂಥ ನೂರಾರು ಪಾದ್ರಿಗಳನ್ನು ಚರ್ಚುಗಳಿಂದ ಹೊರಗೆ ಹಾಕಿತು. ಮುಂದೆ ಎಪ್ಪತ್ತರ ವಯಸ್ಸಿನಲ್ಲಿ, ಬರೆದ ಪುಸ್ತಕವೊಂದಕ್ಕಾಗಿ ಜೈಲಿಗೂ ಹೋದರು. ಬೋಧಿಸಲು ಬಿಡದ ಕಾಲದಲ್ಲೂ ಬರೆಯುವುದನ್ನು ನಿಲ್ಲಿಸಲಿಲ್ಲ. ಅದಕ್ಕೇ ನನ್ನಂಥವನ ಕೈಗೂ ಅವರು ಸಿಕ್ಕಿದ್ದು.

ಹತ್ತನೇ ವಾರ ಆ ಗಾರೆ ಕೆಲಸದ ಹಿರಿಯರ ಮನೆಗೆ ಮತ್ತೆ ಹೋದೆ. ಈ ಸಲ ಅವರೊಬ್ಬರೇ ಜಗುಲಿಯಲ್ಲಿದ್ದರು. "ಅವತ್ತು ಎಲ್ಲರ ಎದುರು ನಿಮಗೆ ನೋವು ಮಾಡಿದೆ, ಕ್ಷಮಿಸಬೇಕು" ಅಂದೆ. "ಅಯ್ಯೋ, ಬಿಡಿ ಅಯ್ನೋರೆ" ಅಂದರು, ಆದರೆ ಕಣ್ಣು ತುಂಬಿತು. ಸ್ವಲ್ಪ ಹೊತ್ತು ಬಿಟ್ಟು, ಅದೇ ಪ್ರಶ್ನೆಯನ್ನು ಬೇರೆ ಥರ ಕೇಳಿದೆ. "ದೇವರು ನಮ್ಮನ್ನ ಹತ್ತಿರ ಸೇರಿಸ್ಕೊಳ್ಳೋದು ನಾವು ಒಳ್ಳೆಯವರು ಅಂತಾನಾ, ಇಲ್ಲ ಯೇಸು ನಮಗೋಸ್ಕರ ಸತ್ತ ಅಂತಾನಾ? ನಿಮಗೇನು ಅನ್ನಿಸುತ್ತೆ?"

ಅವರು ತುಂಬಾ ಹೊತ್ತು ಅಂಗಳದ ನೀರನ್ನೇ ನೋಡಿದರು. "ಎರಡನೇದು" ಅಂದರು. ಆಮೇಲೆ ನಿಧಾನಕ್ಕೆ, "ಆದ್ರೆ ನಾನು ಇಷ್ಟು ವರ್ಷ ಮೊದಲನೇದನ್ನ ಹಿಡ್ಕೊಂಡೇ ಒದ್ದಾಡಿದ್ದು" ಅಂದರು.

ಮತ್ತೆ ಒಳಗೆ ತಿರುಗಿ ಸೊಸೆಯನ್ನು ಕೂಗಿದರು. ಹಾಲು ಕೆಳಗಿಟ್ಟು ಬಾರಮ್ಮ, ಇಲ್ಲಿ ಕೂತ್ಕೋ, ಅಯ್ನೋರು ಒಂದು ಮಾತು ಕೇಳ್ತಾರೆ ಅಂದರು.