ಕೀ ಆನ್ ಮಾಡಿ, ಸೆಲ್ಫ್ ಹೊಡೆಯುವ ಮುಂಚೆ

ಚಿಕ್ಕಬಳ್ಳಾಪುರದಲ್ಲಿ ಕಾರು ಕಲಿಯಲು ಬಂದವರಿಗೆ ಮೊದಲ ದಿನ ನಾನು ಗಾಡಿ ಓಡಿಸಲು ಕೊಡುವುದಿಲ್ಲ. ಒಂದು ಗಂಟೆ ನಿಂತ ಕಾರಿನಲ್ಲೇ ಪಾಠ. ದುಡ್ಡು ಕಟ್ಟಿ ಬಂದವರ ಮುಖ ಸಪ್ಪಗಾಗುತ್ತದೆ, ಆದರೂ ಬಿಡುವುದಿಲ್ಲ. ಕ್ಲಚ್ ಬಿಡುವಾಗ ಗಾಡಿ ಜರ್ಕ್ ಹೊಡೆದು ಆಫ್ ಆಗುವುದು, ಬ್ರೇಕ್ ಅರ್ಧಕ್ಕೇ ನಿಲ್ಲುವುದು, ಹತ್ತು ಕಿಲೋಮೀಟರಿಗೆ ಸೊಂಟ ಹಿಡಿಯುವುದು, ಇವೆಲ್ಲ ಕಾಲಿನ ತಪ್ಪು ಅಂತ ಕಲಿಯುವವರು ಅಂದುಕೊಳ್ಳುತ್ತಾರೆ. ಬಹಳ ಸಲ ತಪ್ಪು ಸೀಟಿನದು.

ಸೀಟು ಸರಿಮಾಡುವುದಕ್ಕೆ ಒಂದು ಕ್ರಮ ಇದೆ. ಕ್ರಮ ತಪ್ಪಿಸಿದರೆ ಒಂದನ್ನು ಸರಿಮಾಡುವಾಗ ಇನ್ನೊಂದು ಕೆಡುತ್ತದೆ. ಮೊದಲು ಸೊಂಟವನ್ನು ಸೀಟಿನ ಮೂಲೆಗೆ, ಅಂದರೆ ಕೂರುವ ಭಾಗ ಮತ್ತು ಒರಗುವ ಭಾಗ ಸೇರುವ ಕಡೆಗೆ, ಪೂರ್ತಿ ಒತ್ತಿ ಕೂರಬೇಕು. ಹಿಂದಿನ ಜೇಬಿನಲ್ಲಿ ಪರ್ಸ್ ಇದ್ದರೆ ತೆಗೆಯಿರಿ, ಸೊಂಟ ಓರೆಯಾಗುತ್ತದೆ. ಆಮೇಲೆ ಎತ್ತರ. ಎತ್ತರ ಬದಲಾದರೆ ಪೆಡಲ್‌ಗೆ ಕಾಲಿನ ಅಳತೆಯೂ ಬದಲಾಗುತ್ತದೆ, ಅದಕ್ಕೇ ಇದು ಎರಡನೆಯದು. ಸೀಟಿನ ಬಲಬದಿಯ ಲಿವರ್ ಎತ್ತಿ ಎತ್ತಿ ಬಿಟ್ಟರೆ ಸೀಟು ಮೇಲೇರುತ್ತದೆ. ತಲೆಗೂ ಛಾವಣಿಗೂ ನಡುವೆ ಕನಿಷ್ಠ ನಾಲ್ಕು ಬೆರಳು ಜಾಗ ಇರಬೇಕು, ಸ್ಟೇರಿಂಗ್ ಮೇಲಿಂದ ರಸ್ತೆ ಚೆನ್ನಾಗಿ ಕಾಣಬೇಕು. ಕಡಿಮೆ ಬೆಲೆಯ ಮಾಡೆಲ್‌ಗಳಲ್ಲಿ ಈ ಲಿವರ್ ಇರುವುದಿಲ್ಲ. ಕುಳ್ಳಗಿರುವವರು ಮನೆಯಿಂದ ಮೆತ್ತನೆಯ ದಿಂಬು ತರುತ್ತಾರೆ. ಅದು ಬೇಡ. ಜೋರಾಗಿ ಬ್ರೇಕ್ ಹಾಕಿದಾಗ ದಿಂಬು ಅಮುಕಿ ಜಾರುತ್ತದೆ, ಜೊತೆಗೆ ಮೈಯೂ ಬೆಲ್ಟಿನ ಕೆಳಗೆ ಜಾರುತ್ತದೆ. ಗಟ್ಟಿಯಾದ, ತಳ ಜಾರದ, ಹಿಂದೆ ದಪ್ಪ ಮುಂದೆ ತೆಳುವಾದ ಕುಷನ್ ಸಿಕ್ಕಿದರೆ ಬಳಸಿ.

ಈಗ ದೂರ. ಎಡಗಾಲಿನಿಂದ ಕ್ಲಚ್ಚನ್ನು ನೆಲಮುಟ್ಟ ತುಳಿದು ಹಿಡಿಯಿರಿ. ಆಗಲೂ ಮಂಡಿ ಸ್ವಲ್ಪ ಬಾಗಿಯೇ ಇರಬೇಕು. ಕಾಲು ಕೋಲಿನಂತೆ ನೆಟ್ಟಗಾದರೆ ಸೀಟು ದೂರ ಇದೆ. ಮಂಡಿ ಸ್ಟೇರಿಂಗ್ ಕೆಳಭಾಗಕ್ಕೆ ತಾಗಿದರೆ ತೀರಾ ಹತ್ತಿರ. ಬಲಗಾಲಿನಲ್ಲಿ ಬ್ರೇಕನ್ನೂ ಗಟ್ಟಿಯಾಗಿ ಒತ್ತಿ ನೋಡಿ. ಹಿಮ್ಮಡಿ ನೆಲದ ಮೇಲಿಟ್ಟು, ಬ್ರೇಕ್‌ನಿಂದ ಆಕ್ಸಿಲರೇಟರ್‌ಗೆ ಪಾದವನ್ನು ಮಾತ್ರ ಹೊರಳಿಸಲು ಆಗಬೇಕು. ಆಟೊಮ್ಯಾಟಿಕ್ ಗಾಡಿಯಲ್ಲಿ ಎಡಗಾಲಿಗೆ ಕೆಲಸವೇ ಇಲ್ಲ, ಎಡತುದಿಯ ಮೆಟ್ಟಿನ ಮೇಲೆ ಅದು ಸುಮ್ಮನಿರಲಿ.

ಸೀಟು ಸರಿಸಿದ ಮೇಲೆ ಮೈಯನ್ನು ಒಮ್ಮೆ ಹಿಂದಕ್ಕೂ ಮುಂದಕ್ಕೂ ತಳ್ಳಿ 'ಕಟಕ್' ಅನ್ನುವವರೆಗೆ ನೋಡಿ. ಹಳಿಯ ಲಾಕ್ ಅರ್ಧ ಕೂತಿದ್ದರೆ ಏರಿನಲ್ಲಿ ಗಾಡಿ ಎತ್ತುವಾಗ ಸೀಟು ಸರ್ರನೆ ಹಿಂದೆ ಹೋಗುತ್ತದೆ, ಕಾಲು ಪೆಡಲ್ ಬಿಡುತ್ತದೆ. ಓಡುವಾಗ ಸೀಟು ಸರಿಸಬಾರದು ಅನ್ನುವುದಕ್ಕೂ ಇದೇ ಕಾರಣ.

ಒರಗು ಎಷ್ಟಿರಬೇಕು ಅನ್ನುವುದನ್ನು ಕೈ ಹೇಳುತ್ತದೆ. ಹೆಗಲು ಸೀಟಿಗೆ ತಾಗಿಕೊಂಡೇ ಇರಲಿ, ಕೈ ಮುಂದೆ ಚಾಚಿ. ಮಣಿಕಟ್ಟು ಸ್ಟೇರಿಂಗ್‌ನ ಮೇಲಂಚಿನ ಮೇಲೆ ಕೂರಬೇಕು. ಬೆರಳು ಮಾತ್ರ ತಾಗಿದರೆ ತುಂಬಾ ಮಲಗಿದ್ದೀರಿ. ಮೊಣಕೈ ಹತ್ತಿರ ಬಂದರೆ ಮುಂದೆ ಬಾಗಿದ್ದೀರಿ. ಹೊಸಬರು ಬಾನೆಟ್ ತುದಿ ಕಾಣಬೇಕು ಅಂತ ಸ್ಟೇರಿಂಗನ್ನು ಎದೆಗೆ ಅವುಚಿಕೊಂಡು ಕೂರುತ್ತಾರೆ. ಸ್ಟೇರಿಂಗ್ ನಡುವಿನಿಂದ ಎದೆಗೆ ಕನಿಷ್ಠ 25 ಸೆಂಟಿಮೀಟರ್, ಅಂದರೆ ಒಂದು ಗೇಣಿಗಿಂತ ಹೆಚ್ಚು ಜಾಗ ಬೇಕು. ಏರ್‌ಬ್ಯಾಗ್ ಕಣ್ಣು ಮಿಟುಕಿಸುವುದರೊಳಗೆ ಉಬ್ಬುತ್ತದೆ. ಅದು ಉಬ್ಬಿ ಮುಗಿದ ಮೇಲೆ ಎದೆ ತಾಗಿದರೆ ಮೆತ್ತೆ, ಉಬ್ಬುತ್ತಿರುವಾಗಲೇ ತಾಗಿದರೆ ಗುದ್ದು. ಸ್ಟೇರಿಂಗ್ ಮೇಲೆ-ಕೆಳಗೆ ಮಾಡುವ ಲಿವರ್ ಇದ್ದರೆ ಸ್ಟೇರಿಂಗ್‌ನ ನಡುಭಾಗ ಎದೆಯ ಕಡೆಗಿರಲಿ, ನಿಮ್ಮ ಮುಖದ ಕಡೆಗಲ್ಲ. ಮೀಟರ್ ಬೋರ್ಡ್ ಪೂರ್ತಿ ಕಾಣಬೇಕು.

ತಲೆ ಒರಗು (ಹೆಡ್‌ರೆಸ್ಟ್) ಇರುವುದು ಸಿನಿಮಾ ನೋಡುವಾಗಿನಂತೆ ಒರಗಲು ಅಲ್ಲ. ಹಿಂದಿನಿಂದ ಗಾಡಿ ಗುದ್ದಿದಾಗ ಕತ್ತು ಹಿಂದಕ್ಕೆ ಬಾಗಿ ಮುರಿಯದಂತೆ ತಡೆಯುವುದು ಅದು. ಅದರ ಮೇಲ್ತುದಿ ನಿಮ್ಮ ತಲೆಯ ಮೇಲ್ತುದಿಯ ಮಟ್ಟಕ್ಕೆ ಬರಲಿ. ಅಷ್ಟು ಬರದಿದ್ದರೆ ಕಿವಿಯ ಮೇಲಂಚಿಗಾದರೂ ಬರಬೇಕು. ತಲೆಗೂ ಅದಕ್ಕೂ ನಡುವೆ ಮೂರು ಬೆರಳಿಗಿಂತ ಹೆಚ್ಚು ಸಂದು ಬೇಡ.

ಬೆಲ್ಟಿನ ಕೆಳಪಟ್ಟಿ ಸೊಂಟದ ಮೂಳೆಗಳ ಮೇಲೆ ಹಾಯಬೇಕು, ಹೊಟ್ಟೆಯ ಮೇಲಲ್ಲ. ಬಸುರಿಯರಿಗೆ ಹೊಟ್ಟೆಯ ಕೆಳಗೆ. ಮೇಲ್ಪಟ್ಟಿ ಹೆಗಲ ನಡುವೆ ಹಾದು ಎದೆಯ ಮೇಲೆ ಬರಬೇಕು. ಪಕ್ಕದ ಕಂಬದಲ್ಲಿರುವ ಕೊಂಡಿಯನ್ನು ಮೇಲೆ-ಕೆಳಗೆ ಮಾಡಿದರೆ ಕತ್ತಿಗೆ ತಾಗುವುದು ತಪ್ಪುತ್ತದೆ. 1 ಜುಲೈ 2019ರ ನಂತರ ತಯಾರಾದ ಕಾರುಗಳಲ್ಲಿ ಮುಂದಿನ ಇಬ್ಬರಿಗೂ ಬೆಲ್ಟ್ ಹಾಕದಿದ್ದರೆ ಬೀಪ್ ಕಡ್ಡಾಯ. ಆ ಬೀಪ್ ನಿಲ್ಲಿಸಲು ಖಾಲಿ ಬಕಲ್ ಸಿಕ್ಕಿಸುವವರಿದ್ದಾರೆ. ಇಂಥ ಕ್ಲಿಪ್ಪುಗಳನ್ನು 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆನ್‌ಲೈನ್ ಅಂಗಡಿಗಳಿಂದ ತೆಗೆಸಿತು. ಏರ್‌ಬ್ಯಾಗ್ ಇದೆಯಲ್ಲ ಅನ್ನುವವರಿಗೆ: ಬೆಲ್ಟ್ ಮೈಯನ್ನು ಹಿಡಿದಿದ್ದರೆ ಮಾತ್ರ ಏರ್‌ಬ್ಯಾಗ್ ಅಂದುಕೊಂಡ ಕೆಲಸ ಮಾಡುತ್ತದೆ. ಡ್ಯಾಶ್‌ಬೋರ್ಡಿನ ಎಡಗಡೆ ಅಂಟಿಸಿದ ಗಣಪತಿ ಇದ್ದರೆ ಏರ್‌ಬ್ಯಾಗ್ ಮುಚ್ಚಳದ ಮೇಲಿಂದ ಆಚೆ ಜರುಗಿಸಿ. ಏರ್‌ಬ್ಯಾಗ್ ಒಡೆದಾಗ ಮೂರ್ತಿ ಕೂತವರ ಮುಖಕ್ಕೇ ಹಾರುತ್ತದೆ.

ಕನ್ನಡಿಗಳನ್ನು ಸೀಟು ಮುಗಿದ ಮೇಲೆಯೇ ಮುಟ್ಟಬೇಕು. ಒಳಗಿನದರಲ್ಲಿ ಹಿಂದಿನ ಗಾಜು ಪೂರ್ತಿ, ಹೊರಗಿನವುಗಳಲ್ಲಿ ನಿಮ್ಮ ಗಾಡಿಯ ಮೈ ಒಂದು ಎಳೆಯಷ್ಟು, ದಿಗಂತ ಕನ್ನಡಿಯ ನಡುವೆ. ಅಷ್ಟೇ.

ಪೆಡಲ್ ಹತ್ತಿರ ಬಾಗಿ ನೋಡುವುದನ್ನು ಅಭ್ಯಾಸ ಮಾಡಿಸುತ್ತೇನೆ. ಉರುಳಿದ ನೀರಿನ ಬಾಟಲ್ ಬ್ರೇಕ್ ಪೆಡಲ್ ಅಡಿ ಸಿಕ್ಕಿದರೆ ಎಷ್ಟು ತುಳಿದರೂ ಪೆಡಲ್ ಇಳಿಯುವುದಿಲ್ಲ. ಒಂದರ ಮೇಲೊಂದು ಹಾಕಿದ ಮ್ಯಾಟ್ ಜಾರಿ ಆಕ್ಸಿಲರೇಟರನ್ನು ಒತ್ತಿ ಹಿಡಿಯುತ್ತದೆ. ಹವಾಯಿ ಚಪ್ಪಲಿ ಕಳಚಿ ಪಕ್ಕದ ಸೀಟಿನ ಕೆಳಗಿಡಿ, ನಿಮ್ಮ ಕಾಲ ಬಳಿ ಬೇಡ.

ಸ್ಟೇರಿಂಗ್ ಪಕ್ಕದ ಎರಡು ಕಡ್ಡಿಗಳಲ್ಲಿ ನಮ್ಮ ಹೆಚ್ಚಿನ ಕಾರುಗಳಲ್ಲಿ ಬಲಗಡೆಯದು ಇಂಡಿಕೇಟರ್ ಮತ್ತು ಲೈಟು, ಎಡಗಡೆಯದು ವೈಪರ್. ಯೂರೋಪ್ ಮೂಲದ ಕೆಲವು ಕಾರುಗಳಲ್ಲಿ ಅದಲು ಬದಲು. ಗಾಡಿ ಬದಲಿಸಿದವರು ಬಲಕ್ಕೆ ತಿರುಗುವಾಗ ಒಣ ಗಾಜಿನ ಮೇಲೆ ವೈಪರ್ ಓಡಿಸುವುದು ಇದಕ್ಕೇ. ವೈಪರ್ ಕಡ್ಡಿಯನ್ನು ನಿಮ್ಮ ಕಡೆಗೆ ಎಳೆದರೆ ನೀರು ಚಿಮ್ಮುತ್ತದೆ. ಧೂಳು ಹಿಡಿದ ಗಾಜಿಗೆ ಮೊದಲು ನೀರು, ಆಮೇಲೆ ವೈಪರ್. ಇಂಡಿಕೇಟರ್ ಟಿಕ್‌ಟಿಕ್ ಇದ್ದಕ್ಕಿದ್ದಂತೆ ದುಪ್ಪಟ್ಟು ವೇಗವಾದರೆ ಒಂದು ಬಲ್ಬ್ ಹೋಗಿದೆ ಅಂತ. ಚಳಿಗಾಲದ ಬೆಳಿಗ್ಗೆ ನಂದಿ ಕಡೆ ಮಂಜು ಕವಿದಾಗ ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಎದ್ದಂತಾಗುತ್ತದೆ. ಲೋ ಬೀಮ್ ಮತ್ತು ಫಾಗ್ ಲ್ಯಾಂಪ್ ಸಾಕು. ನಾಲ್ಕೂ ಇಂಡಿಕೇಟರ್ ಮಿನುಗಿಸುವ ಕೆಂಪು ತ್ರಿಕೋನದ ಹಝಾರ್ಡ್ ಬಟನ್ ನಿಂತ ಗಾಡಿಗೆ. ಓಡುವಾಗ ಅದನ್ನು ಹಾಕಿದರೆ ನೀವು ಯಾವ ಕಡೆ ತಿರುಗುತ್ತೀರಿ ಅನ್ನುವುದು ಹಿಂದಿನವನಿಗೆ ತಿಳಿಯುವುದೇ ಇಲ್ಲ. ಒಳಗಿನ ಗಾಜು ಮಬ್ಬಾದರೆ ಬಟ್ಟೆಯಲ್ಲಿ ಉಜ್ಜಬೇಡಿ. ಎಸಿ ಆನ್, ಗಾಳಿ ಮುಂದಿನ ಗಾಜಿಗೆ, ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್ ಆಫ್.

ಇನ್ನು ಮೀಟರ್ ಬೋರ್ಡಿನ ಎಚ್ಚರಿಕೆ ದೀಪಗಳು. ಬಾಯಿಪಾಠ ಮಾಡಿಸುವುದಕ್ಕಿಂತ ಮೊದಲು ಒಂದನ್ನು ಹೇಳುತ್ತೇನೆ: ಕೀ ಆನ್ ಮಾಡಿ, ಸೆಲ್ಫ್ ಹೊಡೆಯಬೇಡಿ, ನೋಡಿ. ಪುಷ್ ಬಟನ್ ಗಾಡಿಯಾದರೆ ಯಾವ ಪೆಡಲನ್ನೂ ತುಳಿಯದೆ ಬಟನ್ ಎರಡು ಸಲ ಒತ್ತಿದರೆ ಸಾಮಾನ್ಯವಾಗಿ ಇದೇ ಸ್ಥಿತಿಗೆ ಬರುತ್ತದೆ. ಎಲ್ಲ ದೀಪಗಳೂ ಒಮ್ಮೆ ಹತ್ತುತ್ತವೆ, ಗಾಡಿ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತಿದೆ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ನೋಡುವ ವ್ಯವಸ್ಥೆ) ಮತ್ತು ಏರ್‌ಬ್ಯಾಗ್ ದೀಪ ಕೆಲವೇ ಸೆಕೆಂಡಿನಲ್ಲಿ ತಾವಾಗಿ ಆರುತ್ತವೆ. ಆಯಿಲ್, ಬ್ಯಾಟರಿ, ಇಂಜಿನ್ ದೀಪಗಳು ಇಂಜಿನ್ ಶುರುವಾದ ಮೇಲೆ ಆರುತ್ತವೆ. ಹ್ಯಾಂಡ್‌ಬ್ರೇಕ್ ದೀಪ ಅದನ್ನು ಇಳಿಸಿದಾಗ.

ಹತ್ತಬೇಕಾದ ದೀಪ ಹತ್ತದೇ ಇದ್ದರೆ ನಾನು ಹೆಚ್ಚು ಅನುಮಾನ ಪಡುತ್ತೇನೆ. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋಗುವವರಿಗೆ ಇದು ಮುಖ್ಯ. ಏರ್‌ಬ್ಯಾಗ್ ಒಮ್ಮೆ ಒಡೆದು ಹೊಸದು ಹಾಕಿಸದ ಗಾಡಿಯಲ್ಲಿ ಆ ದೀಪ ಸದಾ ಉರಿಯುತ್ತದೆ. ಅದನ್ನು ಮುಚ್ಚಲು ಬಲ್ಬ್ ಕಿತ್ತಿರುತ್ತಾರೆ, ಅಥವಾ ಅದರ ವೈರನ್ನು ಬೇರೆ ದೀಪಕ್ಕೆ ಸೇರಿಸಿರುತ್ತಾರೆ. ಏರ್‌ಬ್ಯಾಗ್ ದೀಪ ತಾನಾಗಿ ಆರದೆ, ಆಯಿಲ್ ದೀಪದ ಜೊತೆಗೇ ಇಂಜಿನ್ ಶುರುವಾದಾಗ ಆರಿದರೆ ಆ ಗಾಡಿಯನ್ನು ದೋಷ ಓದುವ ಸ್ಕ್ಯಾನರ್ ಹಾಕಿಸದೆ ಕೊಳ್ಳಬೇಡಿ.

ಕೆಂಪು ಬಂದರೆ ನಿಲ್ಲಿಸು, ಹಳದಿ ಬಂದರೆ ವರ್ಕ್‌ಶಾಪಿಗೆ ಹೋಗು, ಹಸಿರು-ನೀಲಿ ಬರಿ ಮಾಹಿತಿ. ಇದು ಒಟ್ಟು ಲೆಕ್ಕ, ಆದರೆ ಎಲ್ಲ ಕೆಂಪೂ ಒಂದೇ ಅಲ್ಲ.

ಎಣ್ಣೆ ಹೂಜಿಯಂತಿರುವ ದೀಪ ಓಡುವಾಗ ಹತ್ತಿದರೆ ಪೆಟ್ರೋಲ್ ಬಂಕ್ ತನಕ ಅಂತಲೂ ಹೋಗಬೇಡಿ. ಅದು ಆಯಿಲ್ ಎಷ್ಟಿದೆ ಅನ್ನುವುದನ್ನಲ್ಲ, ಒತ್ತಡ ಇಲ್ಲ ಅನ್ನುವುದನ್ನು ಹೇಳುತ್ತದೆ. ಬದಿಗೆ ಹಾಕಿ, ಇಂಜಿನ್ ಆಫ್ ಮಾಡಿ. ಸಮತಟ್ಟಾದ ಜಾಗದಲ್ಲಿ ಹತ್ತು ನಿಮಿಷ ಬಿಟ್ಟು ಆಯಿಲ್ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದು, ಒರೆಸಿ, ಮತ್ತೆ ಅದ್ದಿ ನೋಡಿ. ಎರಡು ಗುರುತುಗಳ ನಡುವೆ ಆಯಿಲ್ ಇದ್ದೂ ದೀಪ ಹತ್ತಿದ್ದರೆ ಟೋಯಿಂಗ್ ಕರೆಸಿ.

ಟೆಂಪರೇಚರ್ ದೀಪ ನಮ್ಮ ಕಡೆ ಹೆಚ್ಚು ಕಾಣುವುದು ಬೇಸಿಗೆಯ ಭಾನುವಾರ, ನಂದಿಬೆಟ್ಟದ ಏರಿನಲ್ಲಿ ಗಾಡಿಗಳ ಸಾಲು ನಿಂತಾಗ. ಬೆಟ್ಟದ ತುದಿ 1,478 ಮೀಟರ್. ಫಸ್ಟ್ ಗೇರ್, ಎಸಿ, ಐದು ಜನ, ಗಾಳಿಯ ಓಟ ಇಲ್ಲ. ಸೂಜಿ ಏರುತ್ತಿರುವಾಗಲೇ ಎಸಿ ಆಫ್ ಮಾಡಿ, ಹೀಟರನ್ನು ಪೂರ್ತಿ ಬಿಸಿಗೆ, ಫ್ಯಾನ್ ಪೂರ್ತಿ ಜೋರಿಗೆ ಇಡಿ. ಬೆವರು ಕಿತ್ತುಬರುತ್ತದೆ, ಆದರೆ ಹೀಟರ್ ಕೂಡ ಇಂಜಿನ್ನಿನ ಬಿಸಿ ಹೊರಹಾಕುವ ಒಂದು ಚಿಕ್ಕ ರೇಡಿಯೇಟರೇ. ಕೆಂಪು ದೀಪ ಹತ್ತಿದರೆ ಅಥವಾ ಆವಿ ಕಂಡರೆ ಇಂಜಿನ್ ಆಫ್. ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಒಳಗೆ ಒತ್ತಡ ಇರುವುದರಿಂದ ನೀರು ನೂರು ಡಿಗ್ರಿ ದಾಟಿಯೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲಾದ ಕ್ಷಣ ಒಟ್ಟಿಗೆ ಕುದಿದು ಮುಖಕ್ಕೆ ಎರಚುತ್ತದೆ. ಮುಕ್ಕಾಲು ಗಂಟೆಯಾದರೂ ಬಿಡಿ.

ಆಮೇಲಿನ ತಪ್ಪು ಕೊಳಾಯಿ ಅಥವಾ ಬೋರ್‌ವೆಲ್ ನೀರು ತುಂಬುವುದು. ಚಿಕ್ಕಬಳ್ಳಾಪುರ, ಕೋಲಾರದ ಬೋರ್ ನೀರು ಎಷ್ಟು ಗಡಸು ಅನ್ನುವುದು ಮನೆಯ ಗೀಸರ್ ಕಾಯಿಲ್ ನೋಡಿದವರಿಗೆ ಗೊತ್ತು. ಅದೇ ಬಿಳಿ ಸುಣ್ಣ ರೇಡಿಯೇಟರ್‌ನ ಸಣ್ಣ ನಾಳಗಳಲ್ಲಿ ಕೂರುತ್ತದೆ. ಕೂಲೆಂಟ್ (ಇಂಜಿನ್ ತಣಿಸುವ ದ್ರವ) ಮತ್ತು ಡಿಸ್ಟಿಲ್ಡ್ ವಾಟರ್ ಸಮಸಮ ಬೆರೆಸಿ, ರೆಡಿಮಿಕ್ಸ್ ತಂದಿದ್ದರೆ ನೀರೇ ಬೇಡ. ದಾರಿಯಲ್ಲಿ ಗತಿಯಿಲ್ಲದೆ ಬಾಟಲ್ ನೀರು ಹಾಕಿದ್ದರೆ ಆ ವಾರವೇ ಫ್ಲಶ್ ಮಾಡಿಸಿ. ಬೆಳಿಗ್ಗೆ ಕಾಣುವ ನೀಲಿ ಥರ್ಮಾಮೀಟರ್ ಮಾತ್ರ ಇಂಜಿನ್ ಇನ್ನೂ ತಣ್ಣಗಿದೆ ಅನ್ನುವುದಷ್ಟೇ, ಹೆದರಬೇಡಿ.

ವೃತ್ತದೊಳಗೆ ಆಶ್ಚರ್ಯಸೂಚಕ ಇರುವ ಕೆಂಪು ದೀಪ ಹ್ಯಾಂಡ್‌ಬ್ರೇಕ್ ಇಳಿಸಿದ ಮೇಲೂ ಉಳಿದರೆ ಬ್ರೇಕ್ ಆಯಿಲ್ ಕಡಿಮೆ. ತಿರುವಿನಲ್ಲಿ ಮಾತ್ರ ಮಿನುಗಿದರೂ ಅದೇ ಮುನ್ಸೂಚನೆ. ತಕ್ಷಣ ತುಂಬಿಸಿ ಸುಮ್ಮನಾಗಬೇಡಿ. ಪ್ಯಾಡ್ ಸವೆದಂತೆ ಆಯಿಲ್ ಮಟ್ಟ ತಾನಾಗಿ ಇಳಿಯುತ್ತದೆ. ಪ್ಯಾಡ್ ನೋಡಿಸಿ, ಅದು ಚೆನ್ನಾಗಿದ್ದರೆ ಎಲ್ಲೋ ಸೋರುತ್ತಿದೆ. ಹಳದಿ ಎಬಿಎಸ್ ಒಂದೇ ಹತ್ತಿದರೆ ಮಾಮೂಲಿ ಬ್ರೇಕ್ ಇರುತ್ತದೆ, ಚಕ್ರ ಲಾಕ್ ಆಗದಂತೆ ನೋಡುವವರಿಲ್ಲ ಅಷ್ಟೆ. ಕೆಂಪು, ಹಳದಿ ಎರಡೂ ಒಟ್ಟಿಗೆ ಇದ್ದರೆ ಹಿಂಚಕ್ರದ ಬ್ರೇಕ್ ಹಂಚಿಕೆಯೂ ಕೆಟ್ಟಿರಬಹುದು, ಓಡಿಸಬೇಡಿ.

ಬ್ಯಾಟರಿ ದೀಪ ಅಂದರೆ ಬ್ಯಾಟರಿ ಕೆಟ್ಟಿದೆ ಅಂತಲ್ಲ, ಚಾರ್ಜ್ ಆಗುತ್ತಿಲ್ಲ ಅಂತ. ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸುಮಾರು 13.8ರಿಂದ 14.4 ವೋಲ್ಟ್ ಇರಬೇಕು. ಬಾನೆಟ್ ಎತ್ತಿ, ಚಾರ್ಜ್ ಮಾಡುವ ಆಲ್ಟರ್ನೇಟರನ್ನು ತಿರುಗಿಸುವ ಬೆಲ್ಟ್ ಇದೆಯೇ ನೋಡಿ. ಕೆಲವು ಇಂಜಿನ್‌ಗಳಲ್ಲಿ ಅದೇ ಬೆಲ್ಟ್ ನೀರಿನ ಪಂಪನ್ನೂ ತಿರುಗಿಸುತ್ತದೆ, ಹರಿದಿದ್ದರೆ ಮುಂದೆ ಹೋಗುವಂತಿಲ್ಲ.

ಹಳದಿ ಇಂಜಿನ್ ದೀಪ ಸ್ಥಿರವಾಗಿದ್ದರೆ ಒಂದೆರಡು ದಿನದಲ್ಲಿ ಸ್ಕ್ಯಾನ್ ಮಾಡಿಸಿ. ಮಿನುಗುತ್ತಿದ್ದರೆ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ ಅದನ್ನು ಸುಡುತ್ತದೆ, ಆದ್ದರಿಂದ ವೇಗ ಇಳಿಸಿ ನಿಲ್ಲಿಸಿ. ದ್ರಾಕ್ಷಿ ತೋಟದ ಮನೆಗಳಲ್ಲಿ ಗಾಡಿ ನಿಲ್ಲಿಸುವವರಿಗೆ ಈ ದೀಪವೂ ಎಬಿಎಸ್ ದೀಪವೂ ಬರುವುದಕ್ಕೆ ಇಲಿ ಕಡಿದ ವೈರ್ ಸಾಮಾನ್ಯ ಕಾರಣ. ಬಾನೆಟ್ ಒಳಗೆ ಹಿಕ್ಕೆ, ಹುಲ್ಲು ಇದೆಯೇ ನೋಡಿ. ಬಿಎಸ್6 ಹೊಗೆ ನಿಯಮದ ಡೀಸೆಲ್ ಗಾಡಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಕಟ್ಟಿದ ದೀಪ ಬರುವುದು ಪೇಟೆಯೊಳಗೆ ಮಾತ್ರ ಓಡಿಸುವವರಿಗೆ. ಬಾಗೇಪಲ್ಲಿ ಕಡೆ ಹೈವೇಯಲ್ಲಿ 2,000 ಆರ್‌ಪಿಎಂ ಮೇಲಿಟ್ಟು ಇಪ್ಪತ್ತು ನಿಮಿಷ ಒಂದೇ ಸಮ ಓಡಿಸಿದರೆ ಮಸಿ ಸುಟ್ಟು ಹೆಚ್ಚಾಗಿ ಆರುತ್ತದೆ.

ಬೆಟ್ಟ ಇಳಿಯುವಾಗ ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಹಾಕಿ, ಕೆಲವರು ಇಂಜಿನ್ನನ್ನೇ ಆಫ್ ಮಾಡಿ ಇಳಿಸುತ್ತಾರೆ. ಇಂಜಿನ್ ಆಫ್ ಮಾಡಿದರೆ ಏನಾಗುತ್ತದೆ ಅಂತ ನಿಂತ ಗಾಡಿಯಲ್ಲೇ ತೋರಿಸುತ್ತೇನೆ. ಇಂಜಿನ್ ಆಫ್ ಇಟ್ಟು ಬ್ರೇಕನ್ನು ನಾಲ್ಕು ಸಲ ತುಳಿಯಿರಿ, ಪೆಡಲ್ ಕಲ್ಲಾಗುತ್ತದೆ. ತುಳಿದುಕೊಂಡೇ ಸೆಲ್ಫ್ ಹೊಡೆಯಿರಿ, ಪೆಡಲ್ ಸ್ವಲ್ಪ ಕೆಳಗಿಳಿಯುತ್ತದೆ. ಇಳಿದರೆ, ಇಂಜಿನ್ ಓಡುವಾಗ ಬ್ರೇಕಿಗೆ ಬಲ ಕೊಡುವ ಬೂಸ್ಟರ್ ಸರಿಯಿದೆ, ಇಳಿಯದಿದ್ದರೆ ವರ್ಕ್‌ಶಾಪಿಗೆ. ಇಳಿಜಾರಿನಲ್ಲಿ ಸೆಕೆಂಡ್ ಗೇರ್‌ನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟರೆ ಈಗಿನ ಇಂಜಿನ್‌ಗಳು ಪೆಟ್ರೋಲನ್ನು ತಾವೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಿ ಐಡ್ಲಿಂಗ್‌ಗೆ ಕುಡಿಯುತ್ತಲೇ ಇರುತ್ತವೆ.

ಗಂಟೆಯ ಕೊನೆಗೆ ಕಣ್ಣು ಮುಚ್ಚಿಸಿ ಕೇಳುತ್ತೇನೆ: ವೈಪರ್, ಹಾರ್ನ್, ಡಿಮ್, ಹಝಾರ್ಡ್, ಹ್ಯಾಂಡ್‌ಬ್ರೇಕ್. ಐದಕ್ಕೂ ಕೈ ತಡಕಾಡದೆ ಹೋದರೆ ಮರುದಿನ ಶಿಡ್ಲಘಟ್ಟ ರಸ್ತೆಗೆ ಗಾಡಿ ತೆಗೆಯುತ್ತೇವೆ. ಹೋಗದಿದ್ದರೆ ಮರುದಿನದ ಮೊದಲ ಹತ್ತು ನಿಮಿಷವೂ ನಿಂತ ಕಾರಿನಲ್ಲೇ.